ಓದುಗರ ಪ್ರಶ್ನೆ, ನಮ್ಮ ಉತ್ತರ: ಕ್ಯಾಸಿನೋದ ಪೋಕರ್ ಟೇಬಲ್‌ಗೆ ಮೊದಲ ಸಲ

ಗೆಳೆಯರ ನಡುವೆ ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಡಿ ಗೊತ್ತು, ಕ್ಯಾಸಿನೋ ಮಾತ್ರ ಹೊಸದು ಎನ್ನುವವರ ಪ್ರಶ್ನೆಗಳು ಈ ಸಲ ಹೆಚ್ಚಾಗಿ ಬಂದಿವೆ. ಉತ್ತರಗಳಲ್ಲಿ ಲೆಕ್ಕಕ್ಕೆ 1-2 ಟೇಬಲ್ ಹಿಡಿದಿದ್ದೇವೆ, ಅಂದರೆ ಸಣ್ಣ ಬ್ಲೈಂಡ್ 1, ದೊಡ್ಡ ಬ್ಲೈಂಡ್ 2 (ಬ್ಲೈಂಡ್ ಎಂದರೆ ಎಲೆ ನೋಡುವ ಮುಂಚೆ ಇಬ್ಬರು ಸರದಿಯಂತೆ ಕಟ್ಟಲೇಬೇಕಾದ ಹಣ). ಹಣ ಯಾವ ದೇಶದ್ದಾದರೂ ಲೆಕ್ಕ ಒಂದೇ. ಈ ಆಟಕ್ಕೆ ಎಲ್ಲ ಕಡೆಯೂ ಕಾನೂನಿನ ಅನುಮತಿ ಇಲ್ಲ. ವಯಸ್ಸಿನ ಮಿತಿ ಕೆಲವೆಡೆ 18, ಕೆಲವೆಡೆ 21. ಹೊರಡುವ ಮುಂಚೆ ಅದನ್ನು ತಿಳಿದುಕೊಂಡು, ಗುರುತಿನ ಚೀಟಿ ಜೇಬಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಕ್ಯಾಸಿನೋ ಒಳಗೆ ನಾಲ್ಕೈದು ಕಡೆ ‘ಪೋಕರ್’ ಎಂಬ ಫಲಕ ಇರುತ್ತದಂತೆ. ಎಲ್ಲಿ ಹೋಗಿ ಕೂರಬೇಕು?

ಉತ್ತರ: ಮೊದಲು ಟೇಬಲ್ಲಿನ ಆಕಾರ ನೋಡಿ. ಅರ್ಧಚಂದ್ರಾಕಾರದ ಟೇಬಲ್, ಆಟಗಾರರೆಲ್ಲ ಒಂದೇ ಬದಿಗೆ, ಪ್ರತಿಯೊಬ್ಬರ ಮುಂದೆ ಬಟ್ಟೆಯ ಮೇಲೆ ‘ಆಂಟಿ’ (ಎಲೆ ಬರುವ ಮುಂಚೆ ಕಟ್ಟುವ ಹಣ) ಎಂದು ಅಚ್ಚಾದ ವೃತ್ತ. ಇಷ್ಟು ಕಂಡರೆ ಅದು ನೀವು ಹುಡುಕುತ್ತಿರುವ ಪೋಕರ್ ಅಲ್ಲ. ಥ್ರೀ ಕಾರ್ಡ್ ಪೋಕರ್, ಕೆರಿಬಿಯನ್ ಸ್ಟಡ್, ಕ್ಯಾಸಿನೋ ಹೋಲ್ಡೆಮ್ ಎಲ್ಲ ಈ ಜಾತಿಯವು. ಅಲ್ಲಿ ನಿಮ್ಮ ಎದುರಾಳಿ ಕ್ಯಾಸಿನೋ. ಎಷ್ಟೇ ಚೆನ್ನಾಗಿ ಆಡಿದರೂ ದೀರ್ಘಾವಧಿಯಲ್ಲಿ ಲಾಭ ಅದಕ್ಕೇ ಹೋಗುವಂತೆ ನಿಯಮ ಹೆಣೆದಿರುತ್ತಾರೆ.

ಮೊಟ್ಟೆಯಾಕಾರದ ಟೇಬಲ್, ಸುತ್ತ ಒಂಬತ್ತೋ ಹತ್ತೋ ಜನ, ಉದ್ದ ಬದಿಯ ನಡುವೆ ಡೀಲರ್. ನಿಮಗೆ ಬೇಕಾದದ್ದು ಇದು. ಇಲ್ಲಿ ಆಟಗಾರರು ಒಬ್ಬರಿಗೊಬ್ಬರು ಎದುರಾಳಿಗಳು, ಕ್ಯಾಸಿನೋ ತೆಗೆದುಕೊಳ್ಳುವುದು ಪಾಟ್‌ನಿಂದ, ಅಂದರೆ ಆಟಕ್ಕೆ ಎಲ್ಲರೂ ಕಟ್ಟಿದ ಹಣದಿಂದ, ರೇಕ್ ಎಂಬ ಒಂದು ಪಾಲು ಮಾತ್ರ. ಬಾಗಿಲ ಹತ್ತಿರದ ಕೌಂಟರ್‌ನಲ್ಲಿ ‘1-2 ನೋ ಲಿಮಿಟ್ ಹೋಲ್ಡೆಮ್, ಮೊದಲ ಸಲ’ ಎಂದು ಹೇಳಿ ಹೆಸರು ಬರೆಸಿ. ಮೊದಲ ಸಲ ಎಂದು ಹೇಳಿಕೊಳ್ಳಲು ಸಂಕೋಚ ಬೇಡ. ಸಿಬ್ಬಂದಿ ಚಿಪ್ ಎಲ್ಲಿ ಕೊಳ್ಳಬೇಕು, ಯಾವ ಕುರ್ಚಿ ಎಂದು ತೋರಿಸಿಕೊಡುತ್ತಾರೆ. ಟೇಬಲ್ಲಿನಲ್ಲೇ ಚಿಪ್ ಕೊಳ್ಳುವುದಾದರೆ ನೋಟನ್ನು ಡೀಲರ್ ಕೈಗೆ ಚಾಚಬೇಡಿ, ಆಟ ಮುಗಿದ ಬಿಡುವಿನಲ್ಲಿ ಬಟ್ಟೆಯ ಮೇಲಿಡಿ. ಡೀಲರ್‌ಗಳು ಹಣವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ, ಕ್ಯಾಮೆರಾಗೆ ಕಾಣುವಂತೆ ಹರಡಿ ಎಣಿಸುತ್ತಾರೆ.

ಕೂತ ತಕ್ಷಣ ‘ಪೋಸ್ಟ್ ಮಾಡ್ತೀರಾ?’ ಎಂದು ಕೇಳಬಹುದು. ದೊಡ್ಡ ಬ್ಲೈಂಡ್‌ನ 2 ಈಗಲೇ ಕಟ್ಟಿ ಎಲೆ ಪಡೆಯುತ್ತೀರಾ ಎಂದು ಅದರ ಅರ್ಥ. ‘ಕಾಯುತ್ತೇನೆ’ ಎನ್ನಿ. ದೊಡ್ಡ ಬ್ಲೈಂಡ್ ಸರದಿ ಹೇಗೂ ನಿಮ್ಮ ಬಳಿಗೆ ಬರುತ್ತದೆ. ಅಷ್ಟರಲ್ಲಿ ಯಾರು ಎಲ್ಲದಕ್ಕೂ ಕಾಲ್ ಮಾಡುತ್ತಾರೆ (ಎದುರಾಳಿ ಕಟ್ಟಿದಷ್ಟನ್ನೇ ಕಟ್ಟುತ್ತಾರೆ), ಯಾರು ಎಲೆ ಎಸೆದು ಸುಮ್ಮನೆ ಕೂತಿದ್ದಾರೆ ಎಂಬುದು ನಿಮಗೆ ಪುಕ್ಕಟೆ ತಿಳಿಯುತ್ತದೆ.

ಪ್ರಶ್ನೆ: ಎಷ್ಟು ಹಣ ಒಯ್ಯಬೇಕು? ಕಡಿಮೆ ಚಿಪ್ ಕೊಂಡರೆ ನಷ್ಟವೂ ಕಡಿಮೆ ಅಲ್ಲವೇ?

ಉತ್ತರ: ದೊಡ್ಡ ಬ್ಲೈಂಡ್‌ನ ನೂರು ಪಟ್ಟು, ಅಂದರೆ 200 ಕೊಂಡರೆ ಸರಿ. ಕನಿಷ್ಠ ಮತ್ತು ಗರಿಷ್ಠ ಎಷ್ಟೆಂದು ಪ್ರತಿ ಕ್ಯಾಸಿನೋ ತಾನೇ ಗೊತ್ತು ಮಾಡಿರುತ್ತದೆ, ಕೌಂಟರ್‌ನಲ್ಲಿ ಕೇಳಿ. 1ರ ಚಿಪ್ ಇಪ್ಪತ್ತು, 5ರ ಚಿಪ್ ಮೂವತ್ತಾರು ತೆಗೆದುಕೊಂಡರೆ ಚಿಲ್ಲರೆಗೆ ತೊಂದರೆಯಾಗದು.

ತೀರಾ ಕಡಿಮೆ ಕೊಂಡರೆ ಬೇರೆ ತೊಂದರೆ ಇದೆ. ಮುಂದೆ 40 ಮಾತ್ರ ಇದ್ದವರು 10ಕ್ಕೆ ಒಮ್ಮೆ ರೇಸ್ ಮಾಡಿದರೆ, ಅಂದರೆ ಮೊತ್ತ ಏರಿಸಿದರೆ, ಕಾಲು ಭಾಗ ಅಲ್ಲೇ ಹೋಯಿತು. ಒಳ್ಳೆಯ ಎಲೆ ಬಂದ ದಿನವೂ ಒಬ್ಬರಿಂದ 40ಕ್ಕಿಂತ ಹೆಚ್ಚು ಗೆಲ್ಲಲಾಗದು. ಹಣ ಕಳೆಯುವ ಭಯ ಇದ್ದರೆ ಚಿಪ್ ಕಡಿಮೆ ಮಾಡುವ ಬದಲು ಇಡೀ ರಾತ್ರಿಯ ಮಿತಿ ಕಟ್ಟಿಕೊಳ್ಳಿ. ಎರಡು ಸಲ ಕೊಳ್ಳುವಷ್ಟು ನಗದು, ಹೋದರೆ ಮನೆಖರ್ಚಿಗೆ ತಟ್ಟದ ಹಣ, ಅಷ್ಟೇ. ಎಟಿಎಂ ಕಾರ್ಡ್ ಒಯ್ಯಲೇಬೇಡಿ. ಸೋತ ಬಿಸಿಯಲ್ಲಿ ಯಂತ್ರದಿಂದ ತೆಗೆದ ಹಣದಲ್ಲಿ ಚೆನ್ನಾಗಿ ಆಡುವವರು ಬಹಳ ಕಡಿಮೆ.

ಪ್ರಶ್ನೆ: ಎದುರಾಳಿ 10 ಬೆಟ್ ಮಾಡಿದ್ದರು. ನಾನು ರೇಸ್ ಮಾಡಬೇಕೆಂದು 25ರ ಒಂದು ಚಿಪ್ ಇಟ್ಟೆ. ಡೀಲರ್ ‘ಕಾಲ್’ ಎಂದು ಹೇಳಿ 15 ವಾಪಸ್ ಕೊಟ್ಟರು. ಇದು ಸರಿಯೇ?

ಉತ್ತರ: ಸರಿ. ಬಾಯಿಂದ ಏನೂ ಹೇಳದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಕಾಲ್ ಎಂದೇ ಲೆಕ್ಕ. ಚಿಲ್ಲರೆ ಇಲ್ಲದೆ ಇಟ್ಟಿದ್ದೋ, ಏರಿಸಲು ಇಟ್ಟಿದ್ದೋ ಎಂದು ಡೀಲರ್ ಊಹಿಸುವಂತಿಲ್ಲ, ಅದಕ್ಕೇ ಈ ನಿಯಮ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕ್ಯಾಸಿನೋದಲ್ಲಿ ಸರದಿ ಬಂದಾಗ ಆಡಿದ ಮಾತು ಕಟ್ಟುನಿಟ್ಟು. ಮೊದಲು ಬಾಯಿ, ಆಮೇಲೆ ಕೈ. ‘ರೇಸ್, ಮೂವತ್ತು’ ಎಂದು ಹೇಳಿಬಿಟ್ಟರೆ ಚಿಪ್ಪನ್ನು ನಿಧಾನವಾಗಿ ಎಣಿಸಿ ಇಡಬಹುದು. ಹೇಳದೆ ಇಡುವುದಾದರೆ ಇಡಬೇಕಾದ ಚಿಪ್ ಅಷ್ಟನ್ನೂ ಒಂದೇ ಸಲ ಮುಂದೆ ತಳ್ಳಬೇಕು. ಮೊದಲು 10 ಇಟ್ಟು, ಎದುರಾಳಿಯ ಮುಖ ನೋಡಿ, ಮತ್ತೆ ರಾಶಿಯಿಂದ 20 ತಂದರೆ ಅದು ಸ್ಟ್ರಿಂಗ್ ಬೆಟ್. ಎರಡನೇ ಕಂತು ವಾಪಸ್ ಬರುತ್ತದೆ. ‘ನಿಮ್ಮ ಹತ್ತು ಕೊಟ್ಟೆ, ಮೇಲೆ ಇಪ್ಪತ್ತು’ ಎಂಬ ಸಿನಿಮಾ ಶೈಲಿಯ ಮಾತಿಗೂ ಅದೇ ಗತಿ: ‘ಹತ್ತು ಕೊಟ್ಟೆ’ ಎಂದಾಗಲೇ ಕಾಲ್ ಆಯಿತು, ಮುಂದಿನದು ಲೆಕ್ಕಕ್ಕಿಲ್ಲ.

ಕನಿಷ್ಠ ರೇಸ್ ಎಷ್ಟು ಎಂಬುದರಲ್ಲೂ ಗೊಂದಲವಿದೆ. ದೊಡ್ಡ ಬ್ಲೈಂಡ್ 2 ಇದ್ದಲ್ಲಿ ಒಬ್ಬರು 10 ಮಾಡಿದರೆ ಅವರು ಏರಿಸಿದ್ದು 8. ಮುಂದಿನವರೂ ಕನಿಷ್ಠ 8 ಏರಿಸಬೇಕು, ಅಂದರೆ ಒಟ್ಟು 18. ಸುಮ್ಮನೆ 5ರ ಮೂರು ಚಿಪ್ ಇಟ್ಟರೆ? ಹೆಚ್ಚಿನ ಕಡೆ ಅರ್ಧದ ನಿಯಮ ನಡೆಯುತ್ತದೆ. ಏರಿಕೆಯ ಅರ್ಧ, ಇಲ್ಲಿ 4, ಅಥವಾ ಅದಕ್ಕಿಂತ ಹೆಚ್ಚು ಇಟ್ಟಿದ್ದರೆ ಪೂರ್ತಿ ರೇಸ್ ಮಾಡಲೇಬೇಕು. 15ರಲ್ಲಿ 5 ಹೆಚ್ಚುವರಿ ಇರುವುದರಿಂದ ಇನ್ನೂ 3 ಹಾಕಿ 18 ಮಾಡಿಸುತ್ತಾರೆ.

ಗದ್ದಲದಲ್ಲಿ ‘ಫಿಫ್ಟೀನ್’ ಎಂದದ್ದು ‘ಫಿಫ್ಟಿ’ ಎಂದು ಕೇಳಿಸುವುದುಂಟು. ಅದಕ್ಕೇ ಅನುಭವಿಗಳು ‘ಒನ್ ಫೈವ್, ಫಿಫ್ಟೀನ್’ ಎಂದು ಅಂಕಿ ಬಿಡಿಸಿ ಹೇಳುತ್ತಾರೆ. ಮೊದಲ ದಿನದಿಂದಲೇ ಈ ಅಭ್ಯಾಸ ಇಟ್ಟುಕೊಳ್ಳಿ. ಚಿಪ್ಪನ್ನು ಪಾಟ್ ರಾಶಿಯೊಳಗೆ ಎರಚಬೇಡಿ, ನಿಮ್ಮ ಮುಂದೆಯೇ ಇಡಿ. ಡೀಲರ್ ಎಣಿಸಿ ಒಳಗೆಳೆದುಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಬಳಿ ಗೆಲ್ಲುವ ಎಲೆ ಇತ್ತು, ಡೀಲರ್ ಅದನ್ನು ಎಳೆದುಕೊಂಡು ಎಸೆದ ಎಲೆಗಳ ಜೊತೆ ಸೇರಿಸಿಬಿಟ್ಟರು. ವಾಪಸ್ ಕೇಳಬಹುದಿತ್ತೇ?

ಉತ್ತರ: ಎಸೆದ ರಾಶಿಯಲ್ಲಿ ಬೆರೆತು ಗುರುತು ಸಿಗದ ಎಲೆ ಸತ್ತ ಎಲೆ. ತಪ್ಪು ಡೀಲರ್‌ರದ್ದಾದರೂ ನಷ್ಟ ಬಹುತೇಕ ನಿಮ್ಮದೇ, ಏಕೆಂದರೆ ಎಲೆ ಕಾಯುವ ಹೊಣೆ ಆಟಗಾರರದು. ಎಲೆ ಬಂದ ಕೂಡಲೇ ಅದರ ಮೇಲೆ ಒಂದು ಚಿಪ್ ಇಡಿ. ಡೀಲರ್‌ನ ಎಡ ಬಲದ ಎರಡು ಕುರ್ಚಿಗಳಲ್ಲಿ ಇದು ಇನ್ನೂ ಮುಖ್ಯ, ಎಸೆದ ಎಲೆ ಬಾಚುವ ಕೈ ಅಲ್ಲೇ ಓಡಾಡುತ್ತಿರುತ್ತದೆ. ನೋಡುವಾಗ ಎಲೆಯನ್ನು ಎದೆಯ ಹತ್ತಿರ ಎತ್ತಬೇಡಿ. ಒಂದು ಅಂಗೈಯನ್ನು ಮರೆಯಾಗಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೂಲೆ ಮಾತ್ರ ಮಡಚಿ ನೋಡಿ, ಎಲೆ ಬಟ್ಟೆಯ ಮೇಲೇ ಇರಲಿ.

ಕೊನೆಗೆ ತೋರಿಸುವಾಗ ಎರಡೂ ಎಲೆಗಳನ್ನು ಮೇಲ್ಮುಖವಾಗಿ ಟೇಬಲ್ ಮೇಲಿಡಿ. ಎದುರಾಳಿ ‘ಫ್ಲಶ್’ (ಐದೂ ಎಲೆ ಒಂದೇ ಜಾತಿ, ಉದಾಹರಣೆಗೆ ಎಲ್ಲ ಆಟೀನು) ಎಂದ ಮಾತ್ರಕ್ಕೆ ಬೇಸರದಿಂದ ಎಸೆಯಬೇಡಿ. ಆಟೀನು, ಡೈಮಂಡ್ ಎರಡೂ ಕೆಂಪಾದ್ದರಿಂದ ಅವರು ಒಂದೇ ಎಂದು ತಪ್ಪಾಗಿ ಓದಿರಬಹುದು. ಅಲ್ಲಿ ನಡೆಯುವುದು ಬಾಯಿಮಾತಲ್ಲ, ತೆರೆದಿಟ್ಟ ಎಲೆ. ಯಾರದು ಗೆಲುವು ಎಂದು ಡೀಲರ್ ಓದಿ ಹೇಳುತ್ತಾರೆ. ಪಾಟ್ ನಿಮ್ಮ ಕಡೆಗೆ ತಳ್ಳುವವರೆಗೆ ಎಲೆ ಬಿಟ್ಟುಕೊಡಬೇಡಿ. ತಕರಾರು ಇದ್ದರೆ ಆ ಕ್ಷಣವೇ ‘ಫ್ಲೋರ್’ ಎಂದು ಮೇಲ್ವಿಚಾರಕರನ್ನು ಕರೆಯಿರಿ. ಮುಂದಿನ ಆಟಕ್ಕೆ ಎಲೆ ಕಲೆಸಿದ ಮೇಲೆ ಏನೂ ಮಾಡಲಾಗದು.

ಪ್ರಶ್ನೆ: ಕೈಯಲ್ಲಿ ಒಳ್ಳೆಯ ಎಲೆ, ಚಿಪ್ ಮಾತ್ರ ಸಾಲದು. ಜೇಬಿನಿಂದ ಹಣ ತೆಗೆಯಬಹುದೇ?

ಉತ್ತರ: ಆಟದ ನಡುವೆ ಇಲ್ಲ. ಟೇಬಲ್ ಮೇಲೆ ಇರುವಷ್ಟೇ ಆಟಕ್ಕೆ. ಆದರೆ ಸಾಲದೆಂದು ಎಸೆಯಬೇಕಾಗಿಯೂ ಇಲ್ಲ, ಇದ್ದದ್ದನ್ನು ಆಲ್ ಇನ್ ಮಾಡಿ. ನಿಮ್ಮದು 40, ಇನ್ನಿಬ್ಬರದು ತಲಾ 100 ಆದರೆ ಮುಖ್ಯ ಪಾಟ್ 120. ಅದರಲ್ಲಿ ಮೂವರಿಗೂ ಹಕ್ಕು. ಉಳಿದ 120 ಪಕ್ಕದ ಪಾಟ್, ಅದು ಆ ಇಬ್ಬರ ನಡುವಿನದು.

ಪ್ರಶ್ನೆ: ರೇಕ್ ಎಂದರೆ ಪುಡಿಗಾಸು ಎನ್ನುತ್ತಾರೆ. ನಿಜವೇ?

ಉತ್ತರ: ಅಲ್ಲ. ಸಣ್ಣ ಮೊತ್ತದ ಟೇಬಲ್ಲಿನಲ್ಲಿ ಅತಿ ದೊಡ್ಡ ಖರ್ಚೇ ಅದು. ಪಾಟ್‌ನ ಶೇ. 10, ಗರಿಷ್ಠ 5 ಎಂಬುದು ಸಾಮಾನ್ಯವಾಗಿ ಕಾಣುವ ಕ್ರಮ. ಅದರ ಮೇಲೆ ಜಾಕ್‌ಪಾಟ್ ನಿಧಿಗೆಂದು 1 ಅಥವಾ 2 ತೆಗೆಯುವ ಕಡೆಗಳೂ ಇವೆ. ಗಂಟೆಗೆ 30 ಆಟ, ಪ್ರತಿ ಆಟಕ್ಕೆ ಸರಾಸರಿ 4 ಹೋಯಿತೆಂದು ಹಿಡಿಯಿರಿ. ಗಂಟೆಗೆ 120 ಟೇಬಲ್ ಬಿಟ್ಟು ಹೋಗುತ್ತದೆ. ಒಂಬತ್ತು ಜನರಿಗೆ ಹಂಚಿದರೆ ತಲಾ 13ಕ್ಕಿಂತ ಹೆಚ್ಚು, ಅಂದರೆ ಆರಕ್ಕೂ ಮೀರಿ ದೊಡ್ಡ ಬ್ಲೈಂಡ್. ಉಳಿದವರಿಗಿಂತ ತುಸು ಚೆನ್ನಾಗಿ ಆಡಿದರೆ ಸಾಲದು, ಇಷ್ಟನ್ನು ದಾಟಿದ ಮೇಲಷ್ಟೇ ಲಾಭ.

ಇನ್ನೊಂದು ಸೂಕ್ಷ್ಮ: 200ರ ಪಾಟ್‌ನಲ್ಲಿ 5 ಹೋದರೆ ಶೇ. 2.5, 20ರ ಪಾಟ್‌ನಲ್ಲಿ 2 ಹೋದರೆ ಪೂರ್ತಿ ಶೇ. 10. ಹೆಚ್ಚಿನ ಕಡೆ ಫ್ಲಾಪ್ (ಟೇಬಲ್ ಮೇಲೆ ಎಲ್ಲರಿಗೂ ಸೇರಿ ತೆರೆದಿಡುವ ಮೊದಲ ಮೂರು ಎಲೆ) ಬಿಡಿಸದಿದ್ದರೆ ರೇಕ್ ಇಲ್ಲ. ಬರೀ 2 ಕಟ್ಟಿ ಐದಾರು ಜನರೊಂದಿಗೆ ಫ್ಲಾಪ್ ನೋಡುತ್ತಾ ಸಣ್ಣ ಸಣ್ಣ ಪಾಟ್ ಗೆಲ್ಲುವುದೇ ಅತಿ ದುಬಾರಿ ಆಟ.

ಪ್ರಶ್ನೆ: ಸಣ್ಣ ಟೇಬಲ್ಲಿನಲ್ಲಿ ಎಲ್ಲರೂ ಕಾಲ್ ಮಾಡುತ್ತಾರೆ, ಯಾರೂ ಎಲೆ ಎಸೆಯುವುದಿಲ್ಲ. ಹೇಗೆ ಆಡಬೇಕು?

ಉತ್ತರ: ಅವರು ಎಸೆಯುವುದಿಲ್ಲ ಎಂದರೆ ಹೆದರಿಸಲು ಹೋಗಬೇಡಿ. ಬ್ಲಫ್ ತೀರಾ ಕಡಿಮೆ ಮಾಡಿ, ಒಳ್ಳೆಯ ಎಲೆಗೆ ಧೈರ್ಯವಾಗಿ ಬೆಟ್ ಮಾಡಿ. ಹೇಳಲು ಸುಲಭ, ಕಷ್ಟ ಇರುವುದು ಕಾಯುವುದರಲ್ಲಿ. ಎಕ್ಕದ ಜೋಡಿ ಬರುವುದು ಸರಾಸರಿ 221 ಆಟಕ್ಕೊಮ್ಮೆ, ಗಂಟೆಗೆ 30ರಂತೆ ಏಳು ಗಂಟೆಗೂ ಹೆಚ್ಚು. ಎಕ್ಕ, ರಾಜ, ರಾಣಿ, ಗುಲಾಮದ ಜೋಡಿಗಳು, ಜೊತೆಗೆ ಎಕ್ಕ-ರಾಜ, ಈ ಐದನ್ನೂ ಸೇರಿಸಿದರೂ 1326 ಸಾಧ್ಯತೆಗಳಲ್ಲಿ 40 ಮಾತ್ರ. ಸುಮಾರು ಗಂಟೆಗೊಂದು. ಇಷ್ಟಕ್ಕೇ ಕಾಯಬೇಕೆಂದಲ್ಲ. ಉಳಿದ ಜೋಡಿಗಳು, ಎಕ್ಕ-ರಾಣಿ, ಒಂದೇ ಜಾತಿಯ ರಾಜ-ರಾಣಿಯಂಥವನ್ನು ಡೀಲರ್ ಬಟನ್‌ಗೆ (ಫ್ಲಾಪ್ ನಂತರ ಕೊನೆಗೆ ಸರದಿ ಬರುವ ಕುರ್ಚಿಯ ಗುರುತು) ಹತ್ತಿರ ಕೂತಾಗ ಆಡಬಹುದು. ಆದರೂ ಗಂಟೆಯ ಬಹುಪಾಲು ಎಲೆ ಎಸೆಯುವುದರಲ್ಲೇ ಕಳೆಯುತ್ತದೆ. ಬೇಜಾರಿಗೆ ಆಡಿದ ಎಕ್ಕ-ಏಳು, ರಾಜ-ಒಂಬತ್ತುಗಳೇ ಹೊಸಬರ ರಾಶಿ ಕರಗಿಸುತ್ತವೆ. ಎಕ್ಕ ಬಿದ್ದಾಗಲೂ ಎದುರಾಳಿಯ ಬಳಿ ಎಕ್ಕ-ರಾಣಿ ಇರುತ್ತದೆ.

ಒಳ್ಳೆಯ ಎಲೆ ಬಂದರೆ 8ರಿಂದ 12ರವರೆಗೆ ರೇಸ್ ಮಾಡಿ. ನಿಮಗಿಂತ ಮೊದಲು ಬರೀ 2 ಕಟ್ಟಿ ಬಂದವರಿದ್ದರೆ ತಲೆಗೆ 2ರಂತೆ ಸೇರಿಸಿ. ಕಾರಣ ಸರಳ. ಎಕ್ಕದ ಜೋಡಿ ಒಬ್ಬರೆದುರು ನೂರಕ್ಕೆ ಸುಮಾರು 85 ಸಲ ಗೆದ್ದರೆ, ಏನೇನೋ ಎಲೆ ಹಿಡಿದ ನಾಲ್ವರೆದುರು 56 ಸಲ ಮಾತ್ರ. ಎಕ್ಕ-ರಾಜ ಹಿಡಿದವರಿಗೆ ಇನ್ನೊಂದು ಮಾತು: ಮೂರರಲ್ಲಿ ಎರಡು ಸಲ ಫ್ಲಾಪ್‌ನಲ್ಲಿ ಜೋಡಿ ಕೂಡುವುದಿಲ್ಲ. ಮೂವರು ಕಾಲ್ ಮಾಡಿದ್ದಾಗ ಅಂಥ ಫ್ಲಾಪ್ ಬಂದರೆ ಬಿಟ್ಟುಬಿಡಿ.

ಸಣ್ಣ ಜೋಡಿಯ ಲೆಕ್ಕ ಬೇರೆ. ಫ್ಲಾಪ್‌ನಲ್ಲಿ ಮೂರನೆಯದು ಕೂಡುವುದು ಎಂಟೂವರೆ ಸಲಕ್ಕೊಮ್ಮೆ. ಆದ್ದರಿಂದ 10ರ ರೇಸ್‌ಗೆ ಕಾಲ್ ಮಾಡುವ ಮುಂಚೆ ನಿಮ್ಮ ಬಳಿಯೂ ಎದುರಾಳಿಯ ಬಳಿಯೂ ಕನಿಷ್ಠ 150 ಉಳಿದಿದೆಯೇ ನೋಡಿ. ಕೂಡಿದಾಗಲೂ ಪ್ರತಿ ಸಲ ಪೂರ್ತಿ ಹಣ ಬರುವುದಿಲ್ಲ, ಅದಕ್ಕೇ ಎಂಟೂವರೆ ಪಟ್ಟು ಸಾಲದೆ ಹದಿನೈದು ಪಟ್ಟು.

ಇಷ್ಟು ಹೊತ್ತು ಸುಮ್ಮನಿದ್ದ ಆಟಗಾರರು ಟರ್ನ್ ಅಥವಾ ರಿವರ್‌ನಲ್ಲಿ (ಟೇಬಲ್ ಮೇಲೆ ತೆರೆಯುವ ನಾಲ್ಕನೆಯ, ಐದನೆಯ ಎಲೆ) ಇದ್ದಕ್ಕಿದ್ದಂತೆ ದೊಡ್ಡ ರೇಸ್ ಮಾಡಿದರೆ ನಂಬಿ. ಒಂದೇ ಜೋಡಿಯನ್ನು, ಅದು ಎಕ್ಕದ್ದೇ ಆಗಿದ್ದರೂ, ಅಲ್ಲಿ ಎಸೆಯಲು ಕಲಿತವರಿಗೆ ಸಣ್ಣ ಟೇಬಲ್ಲಿನಲ್ಲಿ ಉಳಿಯುವ ಹಣ ಬೇರಾವ ಜಾಣ್ಮೆಯಿಂದಲೂ ಉಳಿಯುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಫ್ಲಶ್‌ಗೆ ಒಂದೇ ಎಲೆ ಬೇಕು, ಟರ್ನ್ ಆಗಿದೆ. ಪಾಟ್ 60, ಎದುರಾಳಿಯ ಬೆಟ್ 30. ಕಾಲ್ ಮಾಡಬೇಕೇ?

ಉತ್ತರ: 90 ಗೆಲ್ಲಲು 30 ಕೊಡುತ್ತಿದ್ದೀರಿ, ಸರಿಸಮ ಆಗಲು ನಾಲ್ಕರಲ್ಲಿ ಒಂದು ಸಲ ಗೆಲ್ಲಬೇಕು. ನಿಮಗೆ ಕಾಣದ 46 ಎಲೆಗಳಲ್ಲಿ ಬೇಕಾದವು 9, ಅಂದರೆ ಐದರಲ್ಲಿ ಒಂದಕ್ಕೂ ತುಸು ಕಡಿಮೆ. ಫ್ಲಶ್ ಕೂಡಿದ ಮೇಲೆ ಎದುರಾಳಿಯಿಂದ ಸರಾಸರಿ ಇನ್ನೂ 34ರಷ್ಟು ಬರುವಂತಿದ್ದರೆ ಮಾತ್ರ ಕಾಲ್ ಸರಿ. ಅವರ ಮುಂದೆ 20 ಮಾತ್ರ ಉಳಿದಿದ್ದರೆ ಎಸೆಯಿರಿ.

ಪ್ರಶ್ನೆ: ಗೆದ್ದ ಮೇಲೆ ತಕ್ಷಣ ಎದ್ದು ಹೋದರೆ ತಪ್ಪೇ? ಟಿಪ್ ಕೊಡಬೇಕೇ?

ಉತ್ತರ: ಯಾವಾಗ ಬೇಕಾದರೂ ಏಳಬಹುದು, ಯಾರ ಅಪ್ಪಣೆಯೂ ಬೇಡ. ಆದರೆ ಗೆದ್ದದ್ದರಲ್ಲಿ ಅರ್ಧ ಜೇಬಿಗಿಳಿಸಿ ಉಳಿದದ್ದರಲ್ಲಿ ಆಟ ಮುಂದುವರಿಸುವಂತಿಲ್ಲ. ಸ್ವಲ್ಪ ಹೊತ್ತಿಗೆಂದು ಎದ್ದರೆ ಚಿಪ್ ಅಲ್ಲೇ ಬಿಟ್ಟು ಹೋಗಿ. ಬ್ಲೈಂಡ್ ತಪ್ಪಿದ್ದರೆ ಬಂದ ಮೇಲೆ ಕಟ್ಟಿಸಿಕೊಳ್ಳುತ್ತಾರೆ. ಟಿಪ್ ವಾಡಿಕೆ ಇರುವ ಕಡೆ ಪಾಟ್ ಗೆದ್ದಾಗ 1ರ ಒಂದು ಚಿಪ್ ಸಾಕು. ಕೆಲವು ಕಡೆ ಡೀಲರ್‌ಗಳು ಟಿಪ್ ತೆಗೆದುಕೊಳ್ಳುವಂತೆಯೇ ಇಲ್ಲ, ಅಕ್ಕಪಕ್ಕದವರನ್ನು ನೋಡಿ ತಿಳಿಯಿರಿ. ಹೊರಡುವಾಗ ಡೀಲರ್‌ನಿಂದ ರ‍್ಯಾಕ್ ಕೇಳಿ ಪಡೆಯಿರಿ. ಸಾಲಿಗೆ ಇಪ್ಪತ್ತರಂತೆ ಐದು ಸಾಲು, ಒಂದಕ್ಕೆ ನೂರು ಚಿಪ್. ಅದನ್ನು ಹಿಡಿದು ಹಣ ಕೊಡುವ ಕೌಂಟರ್‌ಗೆ ಹೋಗಿ, ಅಲ್ಲಿಂದ ಸರಿಯುವ ಮುಂಚೆ ಅವರೆದುರೇ ಎಣಿಸಿಕೊಳ್ಳಿ.