ನಿಜವಾದ ಪ್ರಾರ್ಥನೆ ಹೇಗಿರುತ್ತದೆ? ಶರಣಾಗತಿ ಎಂದರೆ ಪ್ರಯತ್ನ ಬಿಟ್ಟು ಕೂರುವುದೇ?

ದಿನಾ ದೀಪ ಹಚ್ಚಿ ಕೈ ಮುಗಿಯುತ್ತೀರಿ, ಆದರೆ ಅದು ಬಾಯಿಪಾಠ ಒಪ್ಪಿಸಿದ ಹಾಗೆ ಅನಿಸುತ್ತದೆ ಅಂತ ಬರೆದಿದ್ದೀರಿ. ಎಲ್ಲಾ ದೇವರಿಗೆ ಬಿಟ್ಟರೆ ನಾವು ಮಾಡುವುದಕ್ಕೆ ಏನು ಉಳಿಯಿತು ಅಂತಲೂ ಕೇಳಿದ್ದೀರಿ. ನಾನು ಪಂಡಿತನಲ್ಲ. ಪಾಂಡವಪುರದ ಕಡೆಯವನು, ಮೈಸೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಪ್ರಾರ್ಥನೆ ಹೇಗೆ ಮಾಡಬಾರದು ಅನ್ನುವುದರಲ್ಲಿ ಮಾತ್ರ ನನಗೆ ಒಳ್ಳೆಯ ಅನುಭವ ಇದೆ. ಕೆಲವು ವರ್ಷದ ಹಿಂದೆ ಅಪ್ಪನ ಕಿಡ್ನಿ ಕೆಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವ್ವ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲಾ ಅರಿಶಿನ ಕುಂಕುಮ ಹಚ್ಚುತ್ತೇನೆ ಅಂತ ಹರಕೆ ಹೊತ್ತಳು. ಸಾವಿರಕ್ಕೂ ಮೇಲೆ ಮೆಟ್ಟಿಲು. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ್ದು. ಅವರ ಕಾಲದಲ್ಲೇ ಆದ ದೊಡ್ಡ ನಂದಿ 700ನೇ ಮೆಟ್ಟಿಲಿನ ಹತ್ತಿರ ಸಿಗುತ್ತದೆ.

ಬೆಳಗಿನ ಜಾವ ಶುರು ಮಾಡಿದೆವು. ಅವ್ವ ಬಗ್ಗಿ ಮೂರು ಬೆರಳಲ್ಲಿ ಅರಿಶಿನ ಎಳೆಯುವಳು, ಮಧ್ಯೆ ಕುಂಕುಮದ ಬೊಟ್ಟು ಇಡುವಳು, ಮೊಣಕಾಲು ಹಿಡಿದುಕೊಂಡು ಏಳುವಳು. ಮತ್ತೆ ಬಗ್ಗುವಳು. ನಾನು ಹಿಂದೆ ಬುಟ್ಟಿ, ನೀರಿನ ಬಾಟಲಿ ಹಿಡಿದುಕೊಂಡು ಹತ್ತುತ್ತಿದ್ದೆ. ಮನಸ್ಸಿನಲ್ಲಿ ಪ್ರಾರ್ಥನೆಯೂ ನಡೆದಿತ್ತು. ತಾಯಿ, ಕ್ರಿಯಾಟಿನಿನ್ ಇಳಿಯಲಿ. ಮೂರು ಡಯಾಲಿಸಿಸ್ ಎರಡಾಗಲಿ. ತಂಗಿ ಮದುವೆ ಅಪ್ಪನ ಕೈಯಲ್ಲೇ ಆಗಲಿ. ಇಷ್ಟು ಆದರೆ ಬೆಳ್ಳಿ ಪಾದ ಮಾಡಿಸಿ ಒಪ್ಪಿಸುತ್ತೇನೆ. ಬೆಳ್ಳಿ ರೇಟ್ ನೆನಪಾಗಿ ಎಷ್ಟು ತೂಕ ಅಂತಲೂ ಅಲ್ಲೇ ಲೆಕ್ಕ ಹಾಕಿದೆ. ಅಂಗಡಿಯಲ್ಲಿ ಕೊಟೇಶನ್ ಬರೆಯುವವನ ಬುದ್ಧಿ ಬೆಟ್ಟ ಹತ್ತಿದರೆ ಬಿಡುತ್ತದಾ?

ನಂದಿಯ ಹತ್ತಿರ ಬರುವಷ್ಟರಲ್ಲಿ ಅವ್ವನ ಸೊಂಟ ನೇರ ಆಗಲಿಲ್ಲ. ಕಟ್ಟೆ ಮೇಲೆ ಕೂರಿಸಿ ನೀರು ಕೊಟ್ಟೆ. "ಏನ್ ಕೇಳ್ಕಂಡೆ ಅವ್ವ?" ಅಂದೆ.

ಕೆಂಪಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಕೇಳದೇ ಮರ್ತೋಯ್ತು ಕಣಪ್ಪ. ಮೆಟ್ಲು ನೋಡದೇ ಆಯ್ತು" ಅಂದಳು.

ಆವತ್ತು ನನಗೆ ನಗು ಬಂತು. ಅಪ್ಪನ ಡಯಾಲಿಸಿಸ್ ಸಮಯ ಆಗುತ್ತಿತ್ತು. ಉಳಿದ ಮೆಟ್ಟಿಲು ಇನ್ನೊಂದು ದಿನ ಅಂತ ನಂದಿಯ ಹತ್ತಿರದಿಂದಲೇ ಆಟೋ ಹತ್ತಿ ಇಳಿದೆವು. ಆ ಇನ್ನೊಂದು ದಿನ ಬರಲೇ ಇಲ್ಲ. ಅಪ್ಪ ಒಂದೂವರೆ ವರ್ಷ ಇದ್ದರು. ತಂಗಿ ಮದುವೆ ಅವರಿಲ್ಲದೆ ಆಯಿತು. ನಾನು ಆರು ತಿಂಗಳು ಅಂಗಡಿಯಲ್ಲಿ ಊದುಬತ್ತಿ ಹಚ್ಚಲಿಲ್ಲ. ಮಾತು ತಪ್ಪಿದ ಗಿರಾಕಿ ಮೇಲೆ ಸಿಟ್ಟು ಬರುತ್ತಲ್ಲ, ಹಾಗೆ.

ಇನ್ನು ಶರಣಾಗತಿ. ಈ ಮಾತನ್ನು ನಮ್ಮ ಕಡೆ ಮೇಲುಕೋಟೆಯವರಷ್ಟು ತಲೆಕೆಡಿಸಿಕೊಂಡವರಿಲ್ಲ. ರಾಮಾನುಜರು ಬಂದು ನೆಲೆಸಿದ್ದ ಊರು ಅದು. ನಾವು ಒಕ್ಕಲು ಮಕ್ಕಳು, ಅಲ್ಲಿನ ವೈರಮುಡಿ ಉತ್ಸವಕ್ಕೆ ಹೋಗಿ ಕೈ ಮುಗಿದು ಬರುವವರು. ಆದರೆ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಮೇಲುಕೋಟೆಯ ಅಯ್ಯಂಗಾರರ ಹುಡುಗ. ಊದುಬತ್ತಿ ನಿಲ್ಲಿಸಿದ್ದ ದಿನಗಳಲ್ಲಿ ಒಂದು ಸಂಜೆ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಅವನ ಹತ್ತಿರ ಜಗಳ ಆಡಿದ ಹಾಗೇ ಕೇಳಿದೆ.

ಅವನು ಹೇಳಿದ್ದು ಇಷ್ಟು. ಅವರ ಸಂಪ್ರದಾಯದಲ್ಲಿ ಶರಣಾಗತಿಗೆ ಆರು ಅಂಗ. ದೇವರು ಮೆಚ್ಚುವುದನ್ನು ಮಾಡುತ್ತೇನೆ ಅನ್ನುವುದು, ಮೆಚ್ಚದ್ದನ್ನು ಬಿಡುವುದು, ಕಾಪಾಡುತ್ತಾನೆ ಅಂತ ನಂಬುವುದು, ನೀನೇ ಕಾಪಾಡು ಅಂತ ಬಾಯಿಬಿಟ್ಟು ಕೇಳುವುದು, ತನ್ನನ್ನೇ ಒಪ್ಪಿಸುವುದು. ಇನ್ನೊಂದು ಕಾರ್ಪಣ್ಯ. ನಾವು "ಕಷ್ಟಕಾರ್ಪಣ್ಯ" ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವಲ್ಲ, ಅದೇ ಪದ. ಅಲ್ಲಿ ಮಾತ್ರ ಅದರ ಅರ್ಥ, ನನ್ನ ಕೈಲಿ ಏನೂ ಇಲ್ಲ ಅಂತ ಒಪ್ಪಿಕೊಳ್ಳುವುದು. ಕಷ್ಟ ನಮ್ಮ ಮನೆಗೆ ಬೇಕಾದಷ್ಟು ಬಂದಿತ್ತು. ಈ ಅರ್ಥದ ಕಾರ್ಪಣ್ಯ ನನ್ನಲ್ಲಿ ಒಂದು ಚೂರೂ ಇರಲಿಲ್ಲ. ಬೆಳ್ಳಿ ಪಾದ ಕೊಡುವವನಿಗೆ ಎಲ್ಲಿಂದ ಬರಬೇಕು?

ಗಮನಿಸಿ, ಮೊದಲ ಎರಡು ಅಂಗವೂ ಮಾಡುವ ಕೆಲಸಗಳೇ. ಬಾಯಿಬಿಟ್ಟು ಕೇಳುವುದೂ ಪಟ್ಟಿಯಲ್ಲಿದೆ. ಹಾಗಾಗಿ ಕೇಳುವುದೇ ಸ್ವಾರ್ಥ, ಏನೂ ಬೇಡದೆ ಕೈ ಮುಗಿಯಬೇಕು ಅಂತ ಭಾಷಣ ಮಾಡುವವರ ಮಾತು ನನಗೆ ಹಿಡಿಸುವುದಿಲ್ಲ. ಹೊಟ್ಟೆ ಹಸಿದ ಮಗು ಅಳಬಾರದು ಅಂದ ಹಾಗಾಯಿತು.

ಹಾಗಾದರೆ ಎಷ್ಟು ನಾವು ಮಾಡಬೇಕು, ಎಷ್ಟು ಅವನಿಗೆ ಬಿಡಬೇಕು? ಇದೇ ವಿಷಯಕ್ಕೆ ರಾಮಾನುಜರ ದಾರಿಯ ಶ್ರೀವೈಷ್ಣವರು ಎರಡು ಪಂಗಡ ಆಗಿದ್ದಾರೆ. ವೇದಾಂತ ದೇಶಿಕರ ಕಡೆಯ ವಡಗಲೆಯವರು ಮಂಗನ ಮರಿಯ ಹೋಲಿಕೆ ಕೊಡುತ್ತಾರೆ. ಮರಿಯೇ ತಾಯಿಯ ಹೊಟ್ಟೆಯನ್ನು ಗಟ್ಟಿಯಾಗಿ ತಬ್ಬಿಕೊಳ್ಳಬೇಕು. ಪಿಳ್ಳೈ ಲೋಕಾಚಾರ್ಯರ ಕಡೆಯ ತೆಂಗಲೆಯವರದು ಬೆಕ್ಕಿನ ಮರಿ. ಅದು ಸುಮ್ನೆ ಇದ್ದರೆ ಸಾಕು, ತಾಯಿ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಹಣೆಯ ನಾಮ ನೋಡಿದರೇ ಯಾರು ಯಾವ ಕಡೆ ಅಂತ ಗೊತ್ತಾಗುತ್ತದೆ. ಈ ವಾದಕ್ಕೆ ಆರೇಳು ಶತಮಾನ ಆಗಿದೆ, ನಾನು ನೀವು ಬಗೆಹರಿಸಬೇಕಾಗಿಲ್ಲ ಬಿಡಿ. ನಾನು ಕಂಡುಕೊಂಡದ್ದು ಒಂದೇ. ಮಂಗನ ಮರಿ ಆಗಲಿ, ಬೆಕ್ಕಿನ ಮರಿ ಆಗಲಿ, ಯಾವ ಮರಕ್ಕೆ, ಯಾವ ಅಟ್ಟಕ್ಕೆ ಹೋಗಬೇಕು ಅಂತ ತಾಯಿಗೆ ದಾರಿ ಹೇಳುವುದಿಲ್ಲ. ನಾನು ಬೆಟ್ಟ ಹತ್ತುವಾಗ ಉದ್ದಕ್ಕೂ ಮಾಡಿದ್ದು ಅದೇ.

ಕೈಕಟ್ಟಿ ಕೂರುವ ಪ್ರಶ್ನೆಗೆ ನನ್ನ ತಾತನನ್ನು ನೆನೆಯುತ್ತೇನೆ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಗದ್ದೆ. ನೀರು ಬರುವುದು ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್ ಅಣೆಕಟ್ಟಿನಿಂದ. ಮಳೆಗಾಲದಲ್ಲಿ ಮಂಡ್ಯದ ಟೀ ಅಂಗಡಿಯಲ್ಲಿ ಊಟ ಆಯ್ತಾ ಅನ್ನುವ ಮೊದಲು ಕಟ್ಟೆ ಎಷ್ಟಾಯ್ತು ಅಂತ ಕೇಳುತ್ತಾರೆ. 124.80 ಅಡಿ ಆದರೆ ತುಂಬಿತು ಅಂತ ಲೆಕ್ಕ. ಮಳೆ ಬೀಳಬೇಕಾದ್ದು ಕೊಡಗಿನಲ್ಲಿ, ನೀರು ಬಿಡುವವರು ಇನ್ಯಾರೋ. ತಾತನ ಕೈಲಿ ಏನೂ ಇರಲಿಲ್ಲ. ಆದರೂ ಪ್ರತಿ ವರ್ಷ ನೀರು ಬಿಡುವ ಸುದ್ದಿ ಬರುವ ಮುಂಚೆಯೇ ಗುದ್ದಲಿ, ಮಂಕರಿ ತಗೊಂಡು ನಮ್ಮ ಪಾಲಿನ ಕಾಲುವೆಯ ಹೂಳು ಎತ್ತುತ್ತಿದ್ದ. ಕಟ್ಟೆ ತಳ ಕಂಡ ವರ್ಷವೂ ಎತ್ತಿದ. "ನೀರೇ ಬರಲ್ವಂತೆ, ಯಾಕೆ ತಾತ?" ಅಂದರೆ, "ಬಂದ್ರೆ ನಿಂತ್ಕಂಡು ನೋಡಾದಾ?" ಅಂತ ಮಂಕರಿ ನನ್ನ ತಲೆಗೆ ಏರಿಸುತ್ತಿದ್ದ. ಶರಣಾಗತಿ ಅನ್ನುವ ಪದ ಅವನ ಬಾಯಲ್ಲಿ ನಾನು ಯಾವತ್ತೂ ಕೇಳಲಿಲ್ಲ.

ನಿಮ್ಮ ಬಾಯಿಪಾಠದ ವಿಷಯಕ್ಕೆ ಜಾಸ್ತಿ ಯೋಚನೆ ಮಾಡಬೇಡಿ. ಭಾವ ಬರಲಿ ಅಂತ ಕಣ್ಣು ಬಿಗಿಯಾಗಿ ಮುಚ್ಚಿದರೆ ಬರುವುದು ತಲೆನೋವು. ಶ್ಲೋಕ ಹೇಳುತ್ತಿದ್ದರೆ ಹೇಳಿ. ಕೊನೆಗೆ ಒಂದು ಮಾತು ಮನೆಯಲ್ಲಿ ಆಡುವ ಭಾಷೆಯಲ್ಲೇ ಇರಲಿ. "ಇವತ್ತು ನಿನ್ನ ಮೇಲೆ ಸಿಟ್ಟಿದೆ" ಅಂತ ಇದ್ದರೆ ಅದನ್ನೇ ಹೇಳಿ. ನಾನು ಮತ್ತೆ ಊದುಬತ್ತಿ ಹಚ್ಚಿದ ದಿನ ಹೇಳಿದ್ದು ಅಷ್ಟೇ.

ಅಪ್ಪನ ವರ್ಷದ ತಿಥಿ ಮುಗಿದ ವಾರ ಅವ್ವ ಬೆಟ್ಟಕ್ಕೆ ಹೋಗಬೇಕು ಅಂದಳು. ಹಣೆಗೆ ಕುಂಕುಮ ಇಡುವುದನ್ನು ಬಿಟ್ಟವಳು ಮೆಟ್ಟಿಲಿಗೆ ಹೇಗೆ ಹಚ್ಚುತ್ತಾಳೆ ಅಂತ ನಮ್ಮತ್ತೆ ಮುಖ ಸಿಂಡರಿಸಿದರು. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನೂ ಕೇಳಿದೆ, ಬೇರೆ ಕಾರಣಕ್ಕೆ. "ಅಪ್ಪನೇ ಇಲ್ವಲ್ಲ ಅವ್ವ, ಇನ್ಯಾಕೆ?"

"ಅರ್ಧಕ್ಕೆ ಬುಟ್ಟು ಬಂದಿದ್ದೀನಲ್ಲ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಉಳಿಸ್ಕೊಟ್ರೆ ಮಾತ್ರ ಹಚ್ತೀನಿ ಅಂದಿದ್ನಾ ನಾನು?"

ನಂದಿಯ ಹತ್ತಿರ ಆಟೋ ಇಳಿದು, ಹಿಂದಿನ ಸಲ ನಿಲ್ಲಿಸಿದ ಮೆಟ್ಟಿಲಿನಿಂದ ಶುರು ಮಾಡಿದೆವು. ಈ ಸಲ ಅರಿಶಿನ ನಾನು ಎಳೆದೆ, ಬೊಟ್ಟು ಅವಳು ಇಟ್ಟಳು. ನೂರು ಮೆಟ್ಟಿಲು ಆಗುವಷ್ಟರಲ್ಲಿ ನನ್ನ ತಲೆಯಲ್ಲಿ ಸೊಂಟನೋವು ಬಿಟ್ಟರೆ ಬೇರೆ ಏನೂ ಇರಲಿಲ್ಲ.