ಮದ್ದು ಕೊಡುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಗಳೂರು ಮತ್ತು ಉಡುಪಿ ಆಸುಪಾಸಿನ ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರದ್ದು ಮತ್ತು ನರ್ಸಿಂಗ್ ವಿದ್ಯಾರ್ಥಿಗಳದ್ದು. ಹೆಸರು ಹಾಕಬಾರದೆಂದು ಬಹುತೇಕರು ಕೋರಿರುವುದರಿಂದ ಊರನ್ನಷ್ಟೇ ಕೊಡಲಾಗಿದೆ. ಉತ್ತರಿಸಿದವರು ನಿವೃತ್ತ ನರ್ಸಿಂಗ್ ಬೋಧಕಿ.

ಪ್ರಶ್ನೆ: ಮೇಡಂ, ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿಗೆ ಹೊಸದಾಗಿ ಸೇರಿದ್ದೇನೆ. ಒಬ್ಬ ಡಾಕ್ಟರ ಕೈಬರಹ ನನಗೆ ಓದಲು ಬರುವುದೇ ಇಲ್ಲ. ರಾತ್ರಿ ಫೋನ್ ಮಾಡಿ ಕೇಳಿದರೆ ಗದರುತ್ತಾರೆ. ಹಿರಿಯ ಸಿಸ್ಟರ್‌ಗಳು, "ಕಾಯಿಲೆ ಯಾವುದೆಂದು ನೋಡಿ ಅಂದಾಜು ಮಾಡು, ಅಭ್ಯಾಸವಾಗುತ್ತದೆ" ಎನ್ನುತ್ತಾರೆ. ಏನು ಮಾಡಲಿ? (ಕಂಕನಾಡಿ, ಮಂಗಳೂರು)

ಉತ್ತರ: ಅಂದಾಜು ಮಾಡಬೇಡಿ. ನಿಮ್ಮ ಹಿರಿಯರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವರ ಅಂದಾಜು ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ, ಸರಿಯಾದಷ್ಟೂ ಆ ರೂಢಿ ಗಟ್ಟಿಯಾಗುತ್ತದೆ. ಆದರೆ ಕಾಯಿಲೆಯನ್ನು ನೋಡಿ ಔಷಧವನ್ನು ಊಹಿಸುವುದರಲ್ಲಿ ಒಂದು ತೊಡಕಿದೆ. ಹೆಸರಿನಲ್ಲಿ ಹೋಲುವ ಔಷಧಗಳು ಎಷ್ಟೋ ಸಲ ಒಂದೇ ಬಗೆಯ ರೋಗಿಗೆ ಬಳಕೆಯಾಗುವಂಥವು. ಡೋಪಮಿನ್ ಮತ್ತು ಡೋಬ್ಯುಟಮಿನ್ ಎರಡೂ ಐಸಿಯುವಿನ ಒಂದೇ ಕಪಾಟಿನಲ್ಲಿರುತ್ತವೆ. ಸೆಫೊಟಾಕ್ಸಿಮ್ ಮತ್ತು ಸೆಫುರೊಕ್ಸಿಮ್ ಎರಡೂ ಸೋಂಕಿಗೆ ಕೊಡುವ ಆ್ಯಂಟಿಬಯೋಟಿಕ್‌ಗಳೇ. ಇಂಥಲ್ಲಿ ಕಾಯಿಲೆಯ ಹೆಸರು ನಿಮಗೆ ದಾರಿ ತೋರಿಸುವುದಿಲ್ಲ.

ಹೆಸರಿಗಿಂತಲೂ ನಾನು ಹೆಚ್ಚು ಹೆದರುವುದು ಅಂಕಿಗಳಿಗೆ. ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ, 6 ಯೂನಿಟ್ ಇನ್ಸುಲಿನ್ 60 ಆಗುತ್ತದೆ. 1 ಮಿಲಿಗ್ರಾಮ್ ಎಂಬುದನ್ನು 1.0 ಎಂದು ಬರೆದಾಗ ಚುಕ್ಕೆ ಮಸುಕಾದರೆ 10 ಎಂದು ಓದಿಸಿಕೊಳ್ಳುತ್ತದೆ, ಮುಂದೆ ಸೊನ್ನೆ ಹಾಕದೆ ".5" ಎಂದು ಬರೆದದ್ದು ಅದೇ ರೀತಿ 5 ಆಗುತ್ತದೆ. ಮೈಕ್ರೊಗ್ರಾಮ್‌ನ ಗ್ರೀಕ್ ಚಿಹ್ನೆಯನ್ನು ಮಿಲಿಗ್ರಾಮ್ ಎಂದು ಓದಿಬಿಟ್ಟರೆ ಡೋಸ್ ಸಾವಿರ ಪಟ್ಟು ಏರುತ್ತದೆ. ಆದ್ದರಿಂದ ನೀವು ಚಾರ್ಟಿಗೆ ನಕಲು ಮಾಡುವಾಗ ಯೂನಿಟ್ ಮತ್ತು ಮೈಕ್ರೊಗ್ರಾಮ್ ಎಂಬುದನ್ನು ಪೂರ್ತಿ ಬರೆಯಿರಿ, 0.5 ಎಂದು ಸೊನ್ನೆ ಸೇರಿಸಿ ಬರೆಯಿರಿ, 1.0 ಎಂದು ಎಂದಿಗೂ ಬರೆಯಬೇಡಿ.

ಇನ್ನು ಫೋನಿನ ವಿಷಯ. ಮೊದಲು ಡ್ಯೂಟಿ ಡಾಕ್ಟರನ್ನು ಅಥವಾ ಆಸ್ಪತ್ರೆಯ ಫಾರ್ಮಸಿಯನ್ನು ಕೇಳಿ. ಅವರಿಗೂ ಓದಲಾಗದಿದ್ದರೆ ಬರೆದವರಿಗೇ ಕರೆ ಮಾಡಬೇಕು, ಗಂಟೆ ಎಷ್ಟಾಗಿದ್ದರೂ ಸರಿ. ಕೇಸ್ ಶೀಟನ್ನು ಎದುರಿಗಿಟ್ಟುಕೊಂಡು ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ, ಅಲರ್ಜಿಯ ವಿವರ ಇವನ್ನು ಮೊದಲೇ ನೋಡಿಕೊಳ್ಳಿ. "ಸರ್, ನಿಮ್ಮ ಅಕ್ಷರ ಅರ್ಥವಾಗಲಿಲ್ಲ" ಎಂದು ಶುರು ಮಾಡುವುದಕ್ಕಿಂತ "ಇಂಥವರಿಗೆ ಬರೆದ ಎರಡನೇ ಔಷಧದ ಹೆಸರು ಮತ್ತು ಡೋಸ್ ಖಚಿತಪಡಿಸಿಕೊಳ್ಳಬೇಕಿತ್ತು" ಎಂದರೆ ಮಾತು ಬೇಗ ಮುಗಿಯುತ್ತದೆ. ಅವರು ಹೇಳಿದ್ದನ್ನು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ. ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳಿಸುವುದರಿಂದ "ಒಂದು, ಐದು" ಎಂದು ಅಂಕಿ ಬಿಡಿಸಿ ಹೇಳುವುದು ಒಳ್ಳೆಯದು. ಸಮಯ ನಮೂದಿಸಿ, ಮರುದಿನ ರೌಂಡ್ಸಿಗೆ ಬಂದಾಗ ಸಹಿ ಪಡೆಯಿರಿ. ತಕ್ಷಣ ಕೊಡಬೇಕೆಂದು ಸ್ಟ್ಯಾಟ್ ಎಂದು ಬರೆದ ಔಷಧವಾದರೆ ಈ ಕರೆ ಮಾಡಲು ಒಂದು ನಿಮಿಷವೂ ತಡ ಮಾಡಬೇಡಿ.

ಗದರಿದರೆ ಗದರಲಿ. ವೈದ್ಯರ ವೃತ್ತಿ ನಡತೆಯ ನಿಯಮಗಳಿಗೆ 2016ರಲ್ಲಿ ಮಾಡಿದ ತಿದ್ದುಪಡಿಯು ಔಷಧದ ಮೂಲ (ಜೆನೆರಿಕ್) ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಹೇಳುತ್ತದೆ. ಓದಲು ಬರುವಂತೆ ಬರೆಯುವುದು ಅವರ ಕರ್ತವ್ಯ, ನೀವು ಬೇಡುವ ಉಪಕಾರವಲ್ಲ. ಪದೇ ಪದೇ ಹೀಗಾದರೆ ಇನ್‌ಚಾರ್ಜ್ ಸಿಸ್ಟರ್ ಮೂಲಕ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರಹದಲ್ಲಿ ತಿಳಿಸಿ.

ಪ್ರಶ್ನೆ: ಓಡಿ, ಬಿಡಿ, ಟಿಡಿಎಸ್ ಎಂಬ ಸಂಕ್ಷೇಪಗಳನ್ನು ಬಾಯಿಪಾಠ ಮಾಡಿದರೆ ಸಾಕೇ? (ನರ್ಸಿಂಗ್ ವಿದ್ಯಾರ್ಥಿನಿ, ಮೂಡುಬಿದಿರೆ)

ಉತ್ತರ: ದಿನಕ್ಕೊಮ್ಮೆ ಓಡಿ, ಎರಡು ಸಲ ಬಿಡಿ, ಮೂರು ಸಲ ಟಿಡಿಎಸ್, ನಾಲ್ಕು ಸಲ ಕ್ಯೂಐಡಿ, ಮಲಗುವಾಗ ಎಚ್‌ಎಸ್, ಅಗತ್ಯ ಬಿದ್ದರೆ ಮಾತ್ರ ಎಸ್‌ಒಎಸ್, ಇಷ್ಟು ಬಾಯಿಪಾಠ ಇರಲೇಬೇಕು. ಆದರೆ ಕಣ್ಣಿನ ವಿಭಾಗದ ಚೀಟಿಯಲ್ಲಿ ಅದೇ ಓಡಿ ಬಲಗಣ್ಣು ಎಂದಾಗಬಹುದು. ಎಸ್‌ಒಎಸ್ ಎಂದಷ್ಟೇ ಬರೆದು ಎಷ್ಟು ಗಂಟೆಯ ಅಂತರ, ದಿನಕ್ಕೆ ಗರಿಷ್ಠ ಎಷ್ಟು ಎಂದು ಬರೆಯದಿದ್ದರೆ ಆ ಆದೇಶ ಅಪೂರ್ಣ, ಕೇಳಿ ತುಂಬಿಸಿಕೊಳ್ಳಬೇಕು.

ಮೆಥೊಟ್ರೆಕ್ಸೇಟ್ ಎಂಬ ಹೆಸರನ್ನು ಮಾತ್ರ ಇವತ್ತೇ ನೆನಪಿನಲ್ಲಿಟ್ಟುಕೊಳ್ಳಿ. ಸಂಧಿವಾತಕ್ಕೆ ಮತ್ತು ಸೋರಿಯಾಸಿಸ್‌ಗೆ ಇದನ್ನು ಕೊಡುವುದು ವಾರಕ್ಕೆ ಒಂದೇ ದಿನ. ಅಭ್ಯಾಸಬಲದಿಂದ ದಿನಕ್ಕೊಮ್ಮೆ ಎಂದು ಓದಿ ಪ್ರತಿದಿನ ಕೊಟ್ಟರೆ ಮೂಳೆಮಜ್ಜೆ ರಕ್ತಕಣ ತಯಾರಿಸುವುದು ಕುಗ್ಗುತ್ತದೆ, ಬಾಯಿ ಹುಣ್ಣಾಗುತ್ತದೆ, ರೋಗಿ ಸಾಯಲೂಬಹುದು. ಚಾರ್ಟಿನಲ್ಲಿ "ವಾರಕ್ಕೊಮ್ಮೆ" ಎಂದಷ್ಟೇ ಅಲ್ಲ, "ಭಾನುವಾರ ಮಾತ್ರ" ಎಂದು ದಿನವನ್ನೂ ಬರೆಸಿಕೊಳ್ಳಿ. ಡಿಸ್‌ಚಾರ್ಜ್ ಆಗುವಾಗ ರೋಗಿಗೂ ಬೈಸ್ಟ್ಯಾಂಡರ್‌ಗೂ (ರೋಗಿಯ ಜೊತೆಗಿರುವವರಿಗೂ) ಅದೇ ದಿನದ ಹೆಸರನ್ನು ಹೇಳಿ, ಅವರ ಬಾಯಿಂದ ಮತ್ತೊಮ್ಮೆ ಹೇಳಿಸಿ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳು ಆಗಾಗ ಇರುತ್ತಾರೆ. ಹಾಸಿಗೆ ಸಂಖ್ಯೆ ನೋಡಿ ಕೊಟ್ಟರೆ ಸಾಲದೇ? (ಉಡುಪಿ)

ಉತ್ತರ: ಸಾಲದು. ಫ್ಯಾನಿನ ಕೆಳಗೆ ಜಾಗ ಸಿಕ್ಕಿತೆಂದು ಹಾಸಿಗೆ ಬದಲಿಸುವವರು ನಮ್ಮ ಸೆಕೆಗಾಲದಲ್ಲಿ ಕಡಿಮೆಯೇನಿಲ್ಲ. ಹೆಸರು ಮತ್ತು ಆಸ್ಪತ್ರೆ ಸಂಖ್ಯೆ, ಇವೆರಡನ್ನೂ ಕೈಪಟ್ಟಿಯೊಂದಿಗೂ ಚಾರ್ಟಿನೊಂದಿಗೂ ತಾಳೆ ನೋಡಬೇಕು.

ಕೇಳುವ ರೀತಿಯೂ ಮುಖ್ಯ. "ನೀವು ಗಿರಿಜಾ ಶೆಟ್ಟಿ ಅಲ್ವಾ ಅಮ್ಮ?" ಎಂದು ಕೇಳಿದರೆ, ಕಿವಿ ಮಂದವಾದ, ಅರೆನಿದ್ದೆಯಲ್ಲಿರುವ ಹಿರಿಯರು ಯಾವ ಹೆಸರಿಗೂ ತುಳುವಿನಲ್ಲಿ "ಅಂದ್" (ಹೌದು) ಎಂದುಬಿಡುತ್ತಾರೆ. ಹೆಸರನ್ನು ಅವರೇ ಹೇಳುವಂತೆ ಕೇಳಬೇಕು. ನಮ್ಮ ವಾರ್ಡುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಎಲ್ಲವೂ ಓಡಾಡುತ್ತವೆ, ಬೇರೆ ಕಡೆಯಿಂದ ಬಂದ ಸಿಸ್ಟರ್‌ಗಳು "ಈರೆನ ಪುದರ್ ದಾದ?" (ನಿಮ್ಮ ಹೆಸರೇನು?) ಎಂಬಷ್ಟು ತುಳುವನ್ನಾದರೂ ಕಲಿತರೆ ಕೆಲಸ ಸುಲಭ. ಎಚ್ಚರವಿಲ್ಲದ ರೋಗಿಯಾದರೆ ಕೈಪಟ್ಟಿಯೇ ಆಧಾರ, ಜೊತೆಗೆ ಬೈಸ್ಟ್ಯಾಂಡರ್‌ನಿಂದ ಹೆಸರು ಹೇಳಿಸಿ. ಒಂದೇ ಹೆಸರಿನ ಇಬ್ಬರಿದ್ದಾರೆಂಬುದನ್ನು ಶಿಫ್ಟ್ ಬದಲಾಗುವಾಗ ಬಾಯಿಬಿಟ್ಟು ಹೇಳಲೇಬೇಕು.

ಪ್ರಶ್ನೆ: ತಂದೆಯವರಿಗೆ ಮನೆಯಲ್ಲಿ ನಾನೇ ಇನ್ಸುಲಿನ್ ಚುಚ್ಚುತ್ತೇನೆ. ಈ ಸಲ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು, ಮೊದಲಿನದು ಕೆಂಪು. ಬಣ್ಣಕ್ಕೆ ಏನಾದರೂ ಅರ್ಥವಿದೆಯೇ? (ಕುಂದಾಪುರ)

ಉತ್ತರ: ಇದೆ, ಅದು ತಿಳಿಯುವವರೆಗೆ ಹೊಸ ಸಿರಿಂಜನ್ನು ಬಳಸಬೇಡಿ. ನಮ್ಮಲ್ಲಿ ವಯಲ್‌ನಲ್ಲಿ (ಸಿರಿಂಜಿನಿಂದ ಎಳೆಯುವ ಸಣ್ಣ ಬಾಟಲಿಯಲ್ಲಿ) ಬರುವ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ: ಒಂದು ಮಿಲಿ ಲೀಟರಿಗೆ 40 ಯೂನಿಟ್ ಇರುವುದು ಮತ್ತು 100 ಯೂನಿಟ್ ಇರುವುದು. ಕೆಂಪು ಮುಚ್ಚಳದ ಸಿರಿಂಜು 40ರ ವಯಲ್‌ಗೆ, ಕಿತ್ತಳೆ ಮುಚ್ಚಳದ್ದು 100ರ ವಯಲ್‌ಗೆ. ನಿಮ್ಮ ತಂದೆಯವರಿಗೆ 20 ಯೂನಿಟ್ ಎಂದಿಟ್ಟುಕೊಳ್ಳಿ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.2 ಮಿಲಿ ಲೀಟರ್, ಅಂದರೆ ಕೇವಲ 8 ಯೂನಿಟ್, ಸಕ್ಕರೆ ಏರುತ್ತದೆ. 100ರ ವಯಲ್‌ನಿಂದ ಕೆಂಪು ಸಿರಿಂಜಿನಲ್ಲಿ ಅದೇ 20ರ ಗೆರೆಯವರೆಗೆ ಎಳೆದರೆ 0.5 ಮಿಲಿ ಲೀಟರ್, ಅಂದರೆ 50 ಯೂನಿಟ್. ಇದು ಪ್ರಾಣಕ್ಕೇ ಅಪಾಯ.

ವಯಲ್ ಮೇಲಿನ ಅಂಕಿಯನ್ನೂ ಸಿರಿಂಜಿನ ಮೈಮೇಲೆ ಮುದ್ರಿಸಿದ ಅಂಕಿಯನ್ನೂ ಪಕ್ಕಪಕ್ಕ ಹಿಡಿದು ಓದಿ. ಎರಡೂ ಒಂದೇ ಆಗಿರಬೇಕು. ಹೊಂದದಿದ್ದರೆ ಲೆಕ್ಕ ಹಾಕಿ ಸರಿದೂಗಿಸಲು ಹೋಗದೆ ಸಿರಿಂಜನ್ನೇ ಬದಲಿಸಿ ತನ್ನಿ. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಿಂದ (ಔಷಧ ತುಂಬಿದ ಕೊಳವೆಯಿಂದ) ಸಿರಿಂಜಿಗೆ ಇನ್ಸುಲಿನ್ ಎಳೆಯುವುದಂತೂ ಬೇಡವೇ ಬೇಡ. ವಾರ್ಡಿನ ದಾದಿಯರಿಗೂ ಇದೇ ಮಾತು. ಇನ್ಸುಲಿನ್ ಟ್ರೇಯಲ್ಲಿ ಎರಡೂ ಬಣ್ಣದ ಸಿರಿಂಜುಗಳನ್ನು ಬೆರೆಸಿ ಇಡುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು.

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ಮಗುವಿನ ಜ್ವರಕ್ಕೆ "ಪ್ಯಾರಾಸಿಟಮಾಲ್ ಸಿರಪ್ 5 ಎಂಎಲ್" ಎಂದು ಬರೆದ ಚೀಟಿಗಳು ಬರುತ್ತವೆ. ಅಷ್ಟು ಸಾಕೇ? (ಕಾರ್ಕಳ)

ಉತ್ತರ: ಸಾಲದು, ಏಕೆಂದರೆ 5 ಎಂಎಲ್ ಎಂಬುದು ಡೋಸ್ ಅಲ್ಲ. ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ ಕೆಲವು 5 ಎಂಎಲ್‌ಗೆ 125 ಮಿಲಿಗ್ರಾಮ್, ಕೆಲವು 250 ಮಿಲಿಗ್ರಾಮ್. ಹಸುಗೂಸುಗಳ ಡ್ರಾಪ್ಸ್ ಆದರೆ ಒಂದೇ ಎಂಎಲ್‌ಗೆ 100 ಮಿಲಿಗ್ರಾಮ್. ಕಿಲೋಗೆ 15 ಮಿಲಿಗ್ರಾಮ್ ಲೆಕ್ಕದಲ್ಲಿ 10 ಕಿಲೋ ತೂಕದ ಮಗುವಿಗೆ ಬೇಕಾದದ್ದು 150 ಮಿಲಿಗ್ರಾಮ್. ಅದು ಮೊದಲನೆಯದರಲ್ಲಿ 6 ಎಂಎಲ್, ಎರಡನೆಯದರಲ್ಲಿ 3 ಎಂಎಲ್, ಡ್ರಾಪ್ಸಿನಲ್ಲಿ ಒಂದೂವರೆ ಎಂಎಲ್. ಡ್ರಾಪ್ಸಿನ ಬಾಟಲಿಯಿಂದ 5 ಎಂಎಲ್ ಕೊಟ್ಟರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಮ್ ಹೋಗುತ್ತದೆ.

ಮಗುವನ್ನು ತೂಕ ಮಾಡಿ, ಮಿಲಿಗ್ರಾಮ್‌ನಲ್ಲಿ ಡೋಸ್ ಎಷ್ಟೆಂದು ವೈದ್ಯರಿಂದ ಬರೆಸಿ, ಬಾಟಲಿ ನೋಡಿ ಎಂಎಲ್‌ಗೆ ತನ್ನಿ. ತಾಯಿಗೆ ಅಡುಗೆಮನೆಯ ಚಮಚ ಬೇಡವೆಂದು ಹೇಳಿ, ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳದಲ್ಲಿ ಎಲ್ಲಿಯವರೆಗೆ ಎಂದು ಪೆನ್ನಿನಿಂದ ಗೆರೆ ಹಾಕಿಕೊಡಿ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಡೋಸ್ ಇಲ್ಲ. ನೆಗಡಿಗೆ ಕೊಡುವ ಮಿಶ್ರ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ ಎಂಬುದನ್ನೂ ತಿಳಿಸಿ.

ಪ್ರಶ್ನೆ: ಬೆಳಗಿನ ಮದ್ದುಗಳಿಗೆಲ್ಲ ಮೊದಲೇ ಸಹಿ ಹಾಕಿ ಆಮೇಲೆ ಹಂಚುವುದು ನಮ್ಮಲ್ಲಿ ರೂಢಿ. ತಪ್ಪೇ? (ಸುರತ್ಕಲ್)

ಉತ್ತರ: ತಪ್ಪು. ರೋಗಿ ಸ್ಕ್ಯಾನಿಂಗ್‌ಗೆ ಹೋಗಿರಬಹುದು, ವಾಂತಿ ಮಾಡಿಕೊಂಡಿರಬಹುದು, ಬೇಡವೆನ್ನಬಹುದು. ಚಾರ್ಟು ಮಾತ್ರ ಕೊಟ್ಟಾಯಿತು ಎನ್ನುತ್ತಿರುತ್ತದೆ. ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆ ಸಹಿ, ಕೊಡದಿದ್ದರೆ ಕಾರಣ.

ಪ್ರಶ್ನೆ: ಮೂಗಿನ ನಳಿಕೆಯ ಮೂಲಕ ಆಹಾರ ಕೊಡುವ ರೋಗಿಗೆ ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಪುಡಿ ಮಾಡಿ ಹಾಕಬಹುದೇ? (ಬ್ರಹ್ಮಾವರ)

ಉತ್ತರ: ಒಟ್ಟಿಗೆ ಬೇಡ, ಎಲ್ಲವನ್ನೂ ಪುಡಿ ಮಾಡುವುದೂ ಬೇಡ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಎಲ್, ರಿಟಾರ್ಡ್ ಎಂದಿರುವ ಮಾತ್ರೆಗಳು ಗಂಟೆಗಟ್ಟಲೆ ನಿಧಾನವಾಗಿ ಕರಗಲೆಂದೇ ಮಾಡಿದವು. ನಿಫೆಡಿಪಿನ್ ರಿಟಾರ್ಡನ್ನು ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಲೇ ರಕ್ತಕ್ಕೆ ಸೇರಿ ಬಿಪಿ ದಿಢೀರನೆ ಕುಸಿಯಬಹುದು. ಪ್ಯಾಂಟೊಪ್ರಜೋಲ್ ಮಾತ್ರೆಗೆ ಜಠರದ ಆಮ್ಲದಿಂದ ರಕ್ಷಿಸುವ ಲೇಪವಿರುತ್ತದೆ. ಪುಡಿಯಾದರೆ ಆ ರಕ್ಷಣೆ ಹೋಗುತ್ತದೆ. ಇಂಥವಕ್ಕೆ ಬದಲಿ ರೂಪವಿದೆಯೇ ಎಂದು ವೈದ್ಯರನ್ನೋ ಫಾರ್ಮಸಿಸ್ಟನ್ನೋ ಕೇಳಬೇಕು. ಪುಡಿ ಮಾಡಬಹುದಾದವನ್ನು ಒಂದೊಂದಾಗಿ ನೀರಿನಲ್ಲಿ ಕದಡಿ ಕೊಟ್ಟು, ಪ್ರತಿಯೊಂದರ ಹಿಂದೆ ಮುಂದೆ ನಳಿಕೆಗೆ ನೀರು ಹಾಯಿಸಿ. ಫಿಟ್ಸಿಗೆ ಕೊಡುವ ಫೆನಿಟೊಯಿನ್ ನಳಿಕೆಯ ಆಹಾರದ ಜೊತೆ ಸೇರಿದರೆ ಸರಿಯಾಗಿ ರಕ್ತಕ್ಕೆ ಹೋಗುವುದಿಲ್ಲವಾದ್ದರಿಂದ, ಅದಕ್ಕೆ ಮುಂಚೆ ಮತ್ತು ಆಮೇಲೆ ಎಷ್ಟು ಹೊತ್ತು ಆಹಾರ ನಿಲ್ಲಿಸಬೇಕೆಂಬುದನ್ನು ವೈದ್ಯರಿಂದ ಕೇಳಿ ಚಾರ್ಟಿನಲ್ಲೇ ಬರೆಸಿಕೊಳ್ಳಿ.