ನಕ್ಷೆಯಲ್ಲಿರುವ ಬಿಡಿಭಾಗ ಅಂಗಡಿಯಲ್ಲಿ ಸಿಗದಿದ್ದಾಗ

ಪ್ರಶ್ನೆ: ಮಾನ್ಯರೇ, ಕೆಲವು ವರ್ಷಗಳಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿರುವ ನಾನು ಮೊದಲ ಬಾರಿಗೆ ಗಿಟಾರ್‌ನ ದನಿಯನ್ನು ಮಾರ್ಪಡಿಸುವ ಎಫೆಕ್ಟ್ ಪೆಡಲೊಂದನ್ನು ಮನೆಯಲ್ಲೇ ಕಟ್ಟಲು ಹೊರಟಿದ್ದೇನೆ. ಭಾಗಗಳು ಕಡಿಮೆ ಎಂಬ ಕಾರಣಕ್ಕೆ ದನಿಯನ್ನು ಹೆಚ್ಚಿಸುವ ಎಲ್‌ಪಿಬಿ-1 ಬೂಸ್ಟರ್‌ನ ನಕ್ಷೆಯನ್ನು ಆರಿಸಿಕೊಂಡೆ. ಅದರಲ್ಲಿ ಹೇಳಿರುವ 2ಎನ್5088 ಟ್ರಾನ್ಸಿಸ್ಟರ್, 430 ಕಿಲೋ ಓಮ್ ಹಾಗೂ 43 ಕಿಲೋ ಓಮ್ ರೆಸಿಸ್ಟರ್‌ಗಳು, 100 ಕಿಲೋ ಓಮ್‌ನ ಲಾಗ್ ಪಾಟ್ (ದನಿ ಏರಿಳಿಸಲು ತಿರುಗಿಸುವ ಗುಂಡಿ) ನಮ್ಮೂರಿನಲ್ಲಿ ಸಿಗುತ್ತಿಲ್ಲ. ಅಂಗಡಿಯವರು ಬಿಸಿ547, 470 ಕಿಲೋ, 47 ಕಿಲೋ ಮತ್ತು ಲೀನಿಯರ್ ಪಾಟ್ ಕೊಡುತ್ತೇವೆ ಎನ್ನುತ್ತಾರೆ. ಇವುಗಳಿಂದ ಪೆಡಲ್ ಕೆಲಸ ಮಾಡೀತೇ? ಅಜ್ಜನ ಕಾಲದ ರೇಡಿಯೊ ಒಂದರಲ್ಲಿ ಬಿಇಎಲ್ ಮುದ್ರೆಯ ಎರಡು ಎಸಿ128 ಟ್ರಾನ್ಸಿಸ್ಟರ್‌ಗಳಿವೆ, ಅವನ್ನು ಹಾಕಬಹುದೇ? — ಓದುಗರು, ಶಿವಮೊಗ್ಗ

ಉತ್ತರ: ಮೊದಲ ಪೆಡಲ್‌ಗೆ ನೀವು ಆರಿಸಿಕೊಂಡ ನಕ್ಷೆ ಬಹಳ ಸೂಕ್ತವಾದದ್ದು. 1968ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆಯ ಮೊದಮೊದಲ ಉತ್ಪನ್ನಗಳಲ್ಲಿ ಒಂದಾದ ಈ ಬೂಸ್ಟರ್‌ನಲ್ಲಿ ಇರುವುದು ಒಂದೇ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪಾಸಿಟರ್ ಮತ್ತು ಒಂದು ಪಾಟ್. ಪ್ರತಿಯೊಂದು ಭಾಗದ ಕೆಲಸವನ್ನೂ ಬಿಡಿಸಿ ನೋಡಬಹುದಾದ್ದರಿಂದ, ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬುದನ್ನು ಊಹೆಯಿಂದಲ್ಲ, ಲೆಕ್ಕದಿಂದಲೇ ತಿಳಿಯಬಹುದು.

ಮೊದಲು ರೆಸಿಸ್ಟರ್‌ಗಳನ್ನು ನೋಡೋಣ. 430 ಮತ್ತು 43 ಕಿಲೋ ಓಮ್‌ನ ಜೋಡಿ 9 ವೋಲ್ಟ್ ಬ್ಯಾಟರಿಯನ್ನು ಭಾಗ ಮಾಡಿ, ಟ್ರಾನ್ಸಿಸ್ಟರ್‌ನ ಮೂರು ಕಾಲುಗಳಾದ ಬೇಸ್, ಕಲೆಕ್ಟರ್, ಎಮಿಟರ್‌ಗಳಲ್ಲಿ ಬೇಸ್‌ಗೆ ಬೇಕಾದಷ್ಟು ವೋಲ್ಟೇಜ್ ಕೊಡುತ್ತದೆ. 9ನ್ನು 43ರಿಂದ ಗುಣಿಸಿ 473ರಿಂದ ಭಾಗಿಸಿದರೆ ಬರುವುದು ಸುಮಾರು 0.82 ವೋಲ್ಟ್. ಈಗ ಅಂಗಡಿಯವರು ಕೊಡುವ ಜೋಡಿಯನ್ನು ಹಾಕಿ ನೋಡಿ: 9ನ್ನು 47ರಿಂದ ಗುಣಿಸಿ 517ರಿಂದ ಭಾಗಿಸಿದರೂ ಅದೇ 0.82. ಎರಡೂ ಜೋಡಿಗಳಲ್ಲಿ ಹತ್ತಕ್ಕೆ ಒಂದರ ಪ್ರಮಾಣ ಉಳಿದಿರುವುದರಿಂದ ಸರ್ಕಿಟ್‌ಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಪ್ರಮಾಣ ಕೆಡುತ್ತದೆ. ಆದ್ದರಿಂದ ಬದಲಿಸುವುದಾದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಕಲೆಕ್ಟರ್‌ನ 10 ಕಿಲೋ ಓಮ್ ಎಲ್ಲೆಡೆ ಸಿಗುತ್ತದೆ. ಎಮಿಟರ್‌ನ 390 ಓಮ್ ಸಿಗದಿದ್ದರೆ 180 ಮತ್ತು 220 ಓಮ್‌ಗಳನ್ನು ಸರಣಿಯಲ್ಲಿ ಜೋಡಿಸಿಕೊಳ್ಳಿ.

ಟ್ರಾನ್ಸಿಸ್ಟರ್ ವಿಷಯದಲ್ಲಿ ಬಿಸಿ547 ಒಳ್ಳೆಯ ಬದಲಿಯೇ ಹೌದು. ಸಂಖ್ಯೆಯ ಕೊನೆಯಲ್ಲಿ ‘ಸಿ’ ಅಕ್ಷರವಿರುವುದನ್ನು ಕೇಳಿ ಪಡೆಯಿರಿ; ‘ಎ’ ಗುಂಪಿನದರ ಗೇನ್ (ವರ್ಧನೆಯ ಪ್ರಮಾಣ) 110ರಿಂದ 220ರಷ್ಟಿದ್ದರೆ ‘ಸಿ’ ಗುಂಪಿನದು 420ರಿಂದ 800ರವರೆಗೆ ಇದ್ದು, 2ಎನ್5088ಕ್ಕೆ ಹತ್ತಿರವಾಗಿರುತ್ತದೆ. ಕಡಿಮೆ ಗದ್ದಲದ ಬಿಸಿ549ಸಿ ಸಿಕ್ಕರೆ ಇನ್ನೂ ಸಂತೋಷ. ನಿಜವಾದ ಅಪಾಯವಿರುವುದು ಗೇನ್‌ನಲ್ಲಲ್ಲ, ಕಾಲುಗಳ ಕ್ರಮದಲ್ಲಿ. ಚಪ್ಪಟೆ ಮುಖವನ್ನು ನಿಮ್ಮ ಕಡೆಗೆ ತಿರುಗಿಸಿ ಕಾಲುಗಳನ್ನು ಕೆಳಗೆ ಹಿಡಿದಾಗ, 2ಎನ್5088ರಲ್ಲಿ ಎಡದಿಂದ ಬಲಕ್ಕೆ ಎಮಿಟರ್, ಬೇಸ್, ಕಲೆಕ್ಟರ್ ಇರುತ್ತವೆ. ಬಿಸಿ547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ನಡುವಿನ ಬೇಸ್ ಎರಡರಲ್ಲೂ ಒಂದೇ ಆದ್ದರಿಂದ ಬೋರ್ಡಿನ ಚಿತ್ರದಲ್ಲಿ ತೋರಿಸಿದ್ದಕ್ಕಿಂತ ಹಿಂದುಮುಂದಾಗಿ ತಿರುಗಿಸಿ ಕೂರಿಸಿದರೆ ಸಾಕು. ನನ್ನ ಮೊದಲ ಬೂಸ್ಟರ್‌ನಲ್ಲಿ ನಾನು ಇದನ್ನು ಗಮನಿಸದೆ, ಚಿತ್ರದಲ್ಲಿದ್ದಂತೆಯೇ ಬೆಸೆದುಬಿಟ್ಟಿದ್ದೆ. ಪೆಡಲ್ ಪೂರ್ತಿ ಸತ್ತಿದ್ದರೆ ತಪ್ಪು ಬೇಗ ಹೊಳೆಯುತ್ತಿತ್ತೇನೋ. ಹಿಂದುಮುಂದಾದ ಟ್ರಾನ್ಸಿಸ್ಟರ್ ಬಹಳ ಕಡಿಮೆ ಗೇನ್‌ನಲ್ಲಿ ಕೆಲಸ ಮಾಡುತ್ತಲೇ ಇದ್ದುದರಿಂದ ಕ್ಷೀಣವಾದ ದನಿಯೊಂದು ಬರುತ್ತಿತ್ತು, ನಾನು ಎರಡು ದಿನ ಕೆಪಾಸಿಟರ್‌ಗಳನ್ನು ಬದಲಿಸುತ್ತಾ ಕುಳಿತಿದ್ದೆ.

ಕೆಪಾಸಿಟರ್‌ಗಳ ಬಗ್ಗೆ ನೀವು ಕೇಳಿಲ್ಲವಾದರೂ ಹೇಳದೆ ಇರಲಾರೆ, ಏಕೆಂದರೆ ಕಿವಿಗೆ ಸ್ಪಷ್ಟವಾಗಿ ಕೇಳಿಸುವ ವ್ಯತ್ಯಾಸ ಬರುವುದು ಇಲ್ಲಿಂದಲೇ. ನಕ್ಷೆಯ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಮೈಮೇಲೆ 104 ಎಂದು ಬರೆದಿರುತ್ತದೆ: ಹತ್ತರ ಮುಂದೆ ನಾಲ್ಕು ಸೊನ್ನೆ, ಅಂದರೆ 1,00,000 ಪಿಕೋಫ್ಯಾರಡ್. ಒಳಬರುವ ಕಡೆಯ ಈ ಕೆಪಾಸಿಟರ್ ಮತ್ತು ಸರ್ಕಿಟ್‌ನ ಇನ್‌ಪುಟ್ ರೋಧ ಸೇರಿ ಸುಮಾರು 50 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ತಗ್ಗಿಸುತ್ತವೆ. ಗಿಟಾರ್‌ನ ಆರನೇ ತಂತಿಯನ್ನು ತೆರೆದು ಮೀಟಿದಾಗ ಬರುವುದು 82 ಹರ್ಟ್ಸ್. ಆದ್ದರಿಂದ ಅದು ತುಂಬಿ ಕೇಳಿಸುತ್ತದೆ. ಕೈತಪ್ಪಿ 103 ಹಾಕಿದರೆ ಆ ಗಡಿ ಸುಮಾರು 500 ಹರ್ಟ್ಸ್‌ಗೆ ಏರಿ, ದಪ್ಪ ತಂತಿಗಳ ದನಿ ತಗಡಿನಂತೆ ತೆಳುವಾಗುತ್ತದೆ. ಅಂತಹ ದನಿಯೇ ಬೇಕೆನ್ನುವವರೂ ಇದ್ದಾರೆ, ಆದರೆ ಅದು ಬೇಕೆಂದೇ ಮಾಡಿದ ಆಯ್ಕೆಯಾಗಿರಬೇಕು. 104 ಸಿಗದಿದ್ದರೆ ಕಡಿಮೆಯದಕ್ಕಿಂತ ಹೆಚ್ಚಿನದಾದ 224 ಹಾಕುವುದು ಲೇಸು. ಬಿಲ್ಲೆಯಾಕಾರದ ಅಗ್ಗದ ಸೆರಾಮಿಕ್‌ಗಿಂತ ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್ ಕೊಳ್ಳಿ. ಕೆಲವು ಸೆರಾಮಿಕ್‌ಗಳು ಬೆರಳಿನಿಂದ ತಟ್ಟಿದರೂ ಆಂಪ್ಲಿಫೈಯರ್‌ನಲ್ಲಿ ಸದ್ದು ಮಾಡುತ್ತವೆ.

ಲೀನಿಯರ್ ಪಾಟ್ ಧಾರಾಳವಾಗಿ ಬಳಸಿ. ತಿರುಗಿಸುವಾಗ ದನಿಯ ಏರಿಕೆ ಬಹುಪಾಲು ಆರಂಭದಲ್ಲೇ ಆಗಿಹೋಗುತ್ತದೆ ಎಂಬುದೊಂದೇ ಕೊರತೆ. ಪಾಟ್‌ನ ನಡುಕಾಲಿನಿಂದ ಗ್ರೌಂಡ್‌ಗೆ (ಬ್ಯಾಟರಿಯ ಋಣ ತುದಿಗೆ) 15 ಕಿಲೋ ಓಮ್ ಹಾಕಿದರೆ ಲೀನಿಯರ್ ಪಾಟ್ ಲಾಗ್‌ನಂತೆ ವರ್ತಿಸುತ್ತದೆ ಎಂಬ ಸಲಹೆಯನ್ನು ನೀವು ಕೇಳಿರಬಹುದು. ಬೇರೆಡೆ ಅದು ಸರಿ, ಇಲ್ಲಿ ಬೇಡ: ಈ ಸರ್ಕಿಟ್‌ನ ಔಟ್‌ಪುಟ್ ರೋಧವೇ ಸುಮಾರು 10 ಕಿಲೋ ಓಮ್ ಇರುವುದರಿಂದ, ಪಾಟ್ ಪೂರ್ತಿ ಏರಿಸಿದಾಗ ನಿಮ್ಮ ಬೂಸ್ಟ್‌ನ ಹತ್ತಿರ ಹತ್ತಿರ ಅರ್ಧವನ್ನು ಆ ರೆಸಿಸ್ಟರ್ ನುಂಗಿಬಿಡುತ್ತದೆ.

ಎಸಿ128 ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಅವನ್ನು ಈ ಪೆಡಲ್‌ಗೆ ಹಾಕಬೇಡಿ. ಅದು ಪಿಎನ್‌ಪಿ ಜಾತಿಯ ಜರ್ಮೇನಿಯಂ ಟ್ರಾನ್ಸಿಸ್ಟರ್. ನಿಮ್ಮ ನಕ್ಷೆ, ವಿದ್ಯುತ್ತಿನ ದಿಕ್ಕು ಅದಕ್ಕೆ ವಿರುದ್ಧವಾಗಿರುವ ಎನ್‌ಪಿಎನ್ ಜಾತಿಯ ಸಿಲಿಕಾನ್‌ಗಾಗಿ ಬರೆದದ್ದು. ಬ್ಯಾಟರಿಯ ದಿಕ್ಕನ್ನೇ ತಿರುಗಿಸಿದರೂ ಸಾಲದು, ಏಕೆಂದರೆ ಸಿಲಿಕಾನ್‌ಗೆ ಬೇಸ್‌ನಲ್ಲಿ ಸುಮಾರು 0.6 ವೋಲ್ಟ್ ಬೇಕಿದ್ದರೆ ಜರ್ಮೇನಿಯಂಗೆ 0.2 ವೋಲ್ಟ್ ಆಸುಪಾಸಿನಲ್ಲೇ ಸಾಕು, ಅದೇ 0.82 ವೋಲ್ಟ್ ಕೊಟ್ಟರೆ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡು ದನಿಯೇ ಹೊರಡದಂತಾಗುತ್ತದೆ. ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದ ಆ ಜೋಡಿ, ದನಿಯನ್ನು ಒರಟಾಗಿ ಒಡೆಯುವ ಫಝ್ ಪೆಡಲ್ ಕಟ್ಟುವವರಿಗೆ ಬೆಲೆಬಾಳುವ ವಸ್ತು. ರೇಡಿಯೊ ಈಗಲೂ ಹಾಡುತ್ತಿದ್ದರೆ ಅದನ್ನು ಕೆಡಿಸದೆ ಹಾಗೆಯೇ ಉಳಿಸಿಕೊಳ್ಳಿ. ಹಾಡದಿದ್ದರೆ, ಕಾಲುಗಳನ್ನು ಚಿಕ್ಕ ಇಕ್ಕಳದಿಂದ ಹಿಡಿದು, ಶಾಖ ಒಳಗೆ ಹರಿಯದಂತೆ ನೋಡಿಕೊಂಡು ಬಿಡಿಸಿ, ಮುಂದೊಂದು ದಿನದ ಫಝ್‌ಗಾಗಿ ಎತ್ತಿಡಿ.

ಎಲ್ಲವನ್ನೂ ಬೆಸೆದ ಮೇಲೆ, ಡಬ್ಬಿಯೊಳಗೆ ಕೂರಿಸುವ ಮೊದಲು, ಮಲ್ಟಿಮೀಟರ್‌ನ ಕಪ್ಪು ತಂತಿಯನ್ನು ಗ್ರೌಂಡ್‌ಗೂ ಕೆಂಪು ತಂತಿಯನ್ನು ಕಲೆಕ್ಟರ್‌ಗೂ ಇಟ್ಟು ನೋಡಿ. 4ರಿಂದ 6 ವೋಲ್ಟ್ ತೋರಿಸಿದರೆ ನಿಮ್ಮ ಬದಲಿಗಳೆಲ್ಲ ಸರಿಯಾಗಿವೆ. 9ರ ಹತ್ತಿರವಿದ್ದರೆ ಟ್ರಾನ್ಸಿಸ್ಟರ್ ತೆರೆದುಕೊಂಡಿಲ್ಲ, ಸೊನ್ನೆಯ ಹತ್ತಿರವಿದ್ದರೆ ಮಿತಿಮೀರಿ ತೆರೆದುಕೊಂಡಿದೆ. ಎರಡೂ ಸಂದರ್ಭಗಳಲ್ಲಿ ಮೊದಲು ಕಾಲುಗಳ ಕ್ರಮವನ್ನೂ ಆಮೇಲೆ ರೆಸಿಸ್ಟರ್‌ಗಳ ಬಣ್ಣದ ಪಟ್ಟಿಗಳನ್ನೂ ಪರೀಕ್ಷಿಸಿ.

ಪ್ರಶ್ನೆ: ನಾನು ಕಟ್ಟಿದ ಎಲ್‌ಪಿಬಿ-1 ಚೆನ್ನಾಗಿಯೇ ಕೆಲಸ ಮಾಡುತ್ತಿದೆ, ಆದರೆ ಕೇಬಲ್ ಕಿತ್ತಿಟ್ಟರೂ ತಿಂಗಳೊಂದರಲ್ಲಿ ಬ್ಯಾಟರಿ ಬರಿದಾಗುತ್ತಿದೆ. ನಕ್ಷೆಯಲ್ಲಿದ್ದ ಸ್ಟೀರಿಯೊ ಜ್ಯಾಕ್ ಸಿಗದೆ ಮೋನೊ ಜ್ಯಾಕ್ ಹಾಕಿದ್ದೆ. ಸೆಟ್‌ಟಾಪ್ ಬಾಕ್ಸ್‌ನ 12 ವೋಲ್ಟ್ ಅಡಾಪ್ಟರ್ ಬಳಸಲೇ? — ಓದುಗರು, ಮೈಸೂರು

ಉತ್ತರ: ಕಾರಣ ಆ ಜ್ಯಾಕ್‌ನಲ್ಲೇ ಇದೆ. ಗಿಟಾರ್ ಮೋನೊ ಆಗಿದ್ದರೂ ಇನ್‌ಪುಟ್‌ಗೆ ಸ್ಟೀರಿಯೊ ಜ್ಯಾಕ್ ಹಾಕುವುದು ಸ್ವಿಚ್‌ನ ಕೆಲಸಕ್ಕಾಗಿ: ಬ್ಯಾಟರಿಯ ಋಣ ತಂತಿಯನ್ನು ಅದರಲ್ಲಿರುವ ರಿಂಗ್ ಎಂಬ ಹೆಚ್ಚುವರಿ ಸಂಪರ್ಕಕ್ಕೆ ಬೆಸೆದರೆ, ಮೋನೊ ಪ್ಲಗ್ ಒಳಹೊಕ್ಕಾಗ ಮಾತ್ರ ರಿಂಗ್ ಮತ್ತು ಗ್ರೌಂಡ್ ಕೂಡಿಕೊಂಡು ವಿದ್ಯುತ್ ಹರಿಯುತ್ತದೆ. ಮೋನೊ ಜ್ಯಾಕ್ ಉಳಿಸಿಕೊಳ್ಳುವುದಾದರೆ ಬ್ಯಾಟರಿ ತಂತಿಗೆ ಸಣ್ಣದೊಂದು ಟಾಗಲ್ ಸ್ವಿಚ್ ಹಾಕಿ.

12 ವೋಲ್ಟ್ ಬೇಡ. ಟ್ರಾನ್ಸಿಸ್ಟರ್ ಸುಡಲಾರದು, ಆದರೆ ಬೇಸ್ ವೋಲ್ಟೇಜ್ 0.82ರಿಂದ 1.09ಕ್ಕೆ ಏರಿ ಕಲೆಕ್ಟರ್ ಬಹಳ ಕೆಳಗಿಳಿಯುತ್ತದೆ. ದನಿಯ ಅಲೆ ಒಂದೇ ಕಡೆ ಕತ್ತರಿಸಿದಂತೆ ಒಡೆಯುತ್ತದೆ. 9 ವೋಲ್ಟ್ ಅಡಾಪ್ಟರನ್ನೇ ತನ್ನಿ. ಮನೆಬಳಕೆಯ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಪ್ಲಗ್‌ನ ನಡುಭಾಗ ಧನವಾಗಿದ್ದರೆ, ಗಿಟಾರ್ ಪೆಡಲ್‌ಗಳ ರೂಢಿಯಲ್ಲಿ ನಡುಭಾಗ ಋಣ. ಅಡಾಪ್ಟರ್‌ನ ಮೇಲಿರುವ ಚಿಹ್ನೆಯನ್ನು ನೋಡಿ, ಮೀಟರ್‌ನಿಂದಲೂ ಅಳೆದು ಖಚಿತಪಡಿಸಿಕೊಳ್ಳಿ. ಧನ-ಋಣ ಅದಲುಬದಲಾದರೂ ಪೆಡಲ್ ಕೆಡದಂತೆ, ಧನ ತಂತಿಗೆ ಸರಣಿಯಲ್ಲಿ ಒಂದು 1ಎನ್5817 ಡಯೋಡ್ ಸೇರಿಸಿ. ಅದಿಲ್ಲದಿದ್ದರೆ ಎಲ್ಲೆಡೆ ಸಿಗುವ 1ಎನ್4007 ಆದೀತು, ಅರ್ಧ ವೋಲ್ಟ್‌ನಷ್ಟು ಹೆಚ್ಚು ಕಳೆದುಕೊಳ್ಳುತ್ತೀರಿ ಅಷ್ಟೆ. ಗುಂಯ್‌ಗುಡುವ ಸದ್ದು ಬಂದರೆ ಡಯೋಡ್ ದಾಟಿದ ಮೇಲೆ ಧನಕ್ಕೂ ಗ್ರೌಂಡ್‌ಗೂ ನಡುವೆ 100 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಹಾಕಿ. ಅದರ ಮೈಮೇಲಿನ ಪಟ್ಟಿಯಿರುವ ಕಾಲು ಗ್ರೌಂಡ್ ಕಡೆಗಿರಬೇಕು.